ಸಿಗ್ನಲಲ್ಲಿ ಆಫ್ ಆಗೋ ಹಳೆ ಮಾರುತಿ: ಐಡಲ್ ಸ್ಕ್ರೂ ತಿರುಗಿಸೋಕ್ ಮುಂಚೆ ಇದನ್ನ ಓದಿ

ಪ್ರಶ್ನೆ: ನಮ್ದು 1996ರ ಮಾರುತಿ 800, ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸೋ ಭಾಗ) ಇರೋ ಗಾಡಿ. ಹೈವೇಲಿ ಚೆನ್ನಾಗೇ ಓಡುತ್ತೆ, ಸಿಗ್ನಲಲ್ಲಿ ನಿಂತ್ರೆ ಮಾತ್ರ ಗಡಗಡ ನಡುಗಿ ಆಫ್ ಆಗುತ್ತೆ. ಮೆಕ್ಯಾನಿಕ್ ಐಡಲಿಂಗ್ (ಗಾಡಿ ನಿಂತಾಗ ಇಂಜಿನ್ ಓಡೋ ವೇಗ) ಏರಿಸಿ ಕೊಟ್ರು, ಸ್ವಲ್ಪ ದಿನಕ್ಕೆ ಮತ್ತೆ ಅದೇ ಕಥೆ. ಕಾರ್ಬುರೇಟರ್ ಹೊಸದು ಹಾಕಿಸ್ಬೇಕಾ ಸಾರ್?

ಬೇಡ. ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ, ಆದ್ರೂ ಇನ್ನೊಂದ್ಸಲ ಪೂರ್ತಿ ಹೇಳ್ತೀನಿ, ಯಾಕಂದ್ರೆ ಜನ ಸುಮ್ನೆ ದುಡ್ಡು ಕಳ್ಕೊಳ್ಳೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಮೊದಲು ಆ "ಐಡಲಿಂಗ್ ಏರಿಸಿದ್ರೆ ಸರಿಹೋಗುತ್ತೆ" ಅನ್ನೋ ನಂಬಿಕೆ ತಲೆಯಿಂದ ತೆಗೀರಿ. ಆ ಐಡಲ್ ಸ್ಕ್ರೂ ಮಾಡೋ ಕೆಲಸ ಒಂದೇ, ಥ್ರಾಟಲ್ ಪ್ಲೇಟನ್ನ (ಇಂಜಿನ್‌ಗೆ ಗಾಳಿ ಬಿಡೋ ಮುಚ್ಚಳ) ಒಂಚೂರು ತೆರೆದಿಡೋದು. ಅಂದ್ರೆ ನಿಮ್ಮ ಕಾಲು ಸದಾ ಆಕ್ಸಿಲರೇಟರ್ ಮೇಲೆ ಇದ್ದಂಗೆ. ಪ್ಲೇಟ್ ತೆರೆದಾಗ ಅದರ ಅಂಚಲ್ಲಿರೋ ಸಣ್ಣ ತೂತುಗಳಿಂದ ಹೆಚ್ಚುವರಿ ಪೆಟ್ರೋಲ್ ಇಳಿಯುತ್ತೆ, ನಡುಕ ಸದ್ಯಕ್ಕೆ ನಿಲ್ಲುತ್ತೆ, ಆದ್ರೆ ಕಾಯಿಲೆ ಹಂಗೇ ಇರುತ್ತೆ. ಆಮೇಲೆ ಏನಾಗುತ್ತೆ ಗೊತ್ತಲ್ಲ, ಮೈಲೇಜ್ ಬೀಳುತ್ತೆ, ಇಂಜಿನ್ ಬಿಸಿಯಾದ್ಮೇಲೆ ಆರ್‌ಪಿಎಂ (ಇಂಜಿನ್ ಸುತ್ತೋ ವೇಗ) ಇಳಿಯೋದೇ ಇಲ್ಲ, ಕೀ ತೆಗೆದ್ರೂ ಇಂಜಿನ್ ಎರಡು ಸಲ ಒದ್ದಾಡಿ ನಿಲ್ಲುತ್ತೆ. ಸ್ಕ್ರೂ ಜಾಸ್ತಿ ಏರಿಸಿದಾರಾ ಅಂತ ನೀವೇ ನೋಡ್ಬಹುದು: ಇಂಜಿನ್ ಬಿಸಿಯಾಗಿ ಓಡ್ತಿರುವಾಗ ಪಕ್ಕದ ಮಿಕ್ಸ್ಚರ್ ಸ್ಕ್ರೂನ (ಐಡಲಿಂಗಿಗೆ ಪೆಟ್ರೋಲ್ ಹದ ಮಾಡೋದು) ನಿಧಾನಕ್ಕೆ ಪೂರ್ತಿ ಒಳಗೆ ತಿರುಗಿಸಿ, ಎಷ್ಟು ಸುತ್ತು ಹೋಯ್ತು ಅಂತ ಎಣಿಸ್ಕೊಳ್ಳಿ (ಆಮೇಲೆ ಅಷ್ಟೇ ವಾಪಸ್ ತಿರುಗಿಸೋಕೆ), ಕೊನೇಲಿ ಬಿಗಿ ಮಾಡ್ಬೇಡಿ, ತುದಿ ಹಾಳಾಗುತ್ತೆ. ಸರಿಯಾಗಿರೋ ಗಾಡಿ ಅಲ್ಲೇ ಆಫ್ ಆಗ್ಬೇಕು. ಏನೂ ಆಗದೆ ಓಡ್ತಾನೇ ಇದ್ರೆ ನಿಮ್ಮ ಐಡಲಿಂಗ್ ಬರೀ ತೆರೆದ ಪ್ಲೇಟ್ ಮೇಲೆ ನಡೀತಿದೆ ಅಂತ ಅರ್ಥ.

ಹಂಗಾದ್ರೆ ಕಾಯಿಲೆ ಎಲ್ಲಿ? ಹೈವೇಲಿ ಸರಿ, ಸಿಗ್ನಲಲ್ಲಿ ಕೆಟ್ಟದು ಅಂತ ನೀವೇ ಬರೆದಿದ್ದೀರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ಐಡಲಿಂಗಲ್ಲಿ ಪ್ಲೇಟ್ ಹೆಚ್ಚುಕಮ್ಮಿ ಮುಚ್ಚಿರುತ್ತೆ, ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚೋ ಕೊಳವೆ) ಒಳಗೆ ವ್ಯಾಕ್ಯೂಮ್, ಅಂದ್ರೆ ಒಳಗೆಳೆಯೋ ಸೆಳೆತ, ಜೋರಾಗಿರುತ್ತೆ, ಆಗ ಒಂದು ಬಿರುಕು ಬಿಟ್ಟ ರಬ್ಬರ್ ಪೈಪ್ ಸಾಕು, ಲೆಕ್ಕಕ್ಕಿಲ್ಲದ ಗಾಳಿ ನುಗ್ಗಿ ಮಿಶ್ರಣ ಹಾಳು ಮಾಡುತ್ತೆ. ತೂತಿರೋ ಸ್ಟ್ರಾದಲ್ಲಿ ಎಳನೀರು ಕುಡಿದಂಗೆ. ಸ್ಪೀಡಲ್ಲಿ ಹೆಂಗೂ ಗಾಳಿ ಬೇಕಾದಷ್ಟು ಹೋಗ್ತಿರುತ್ತೆ, ಅಲ್ಲಿ ಆ ಸಣ್ಣ ಲೀಕ್ ಗೊತ್ತೇ ಆಗಲ್ಲ.

ಆ ಲೀಕ್ ಹುಡುಕೋಕೆ ಇಂಜಿನ್ ಓಡ್ತಿರುವಾಗ ಕಾರ್ಬುರೇಟರ್ ಬುಡದ ಗ್ಯಾಸ್ಕೆಟ್ (ಸಂದು ಮುಚ್ಚೋ ಪಟ್ಟಿ) ಸುತ್ತ, ಪೈಪ್‌ಗಳ ತುದೀಲಿ ಸ್ಪ್ರೇ ಬಾಟಲಿಂದ ನೀರು ಹೊಡೀರಿ, ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕರೆಂಟ್ ಹಂಚೋದು) ಮೇಲೆ ಬೀಳದಂಗೆ. ಇಂಜಿನ್ ಸದ್ದು ಬದಲಾದ್ರೆ ಲೀಕ್ ಅಲ್ಲೇ. ಪೆಟ್ರೋಲ್, ಕ್ಲೀನರ್ ಸ್ಪ್ರೇ ದಯವಿಟ್ಟು ಬೇಡ, ಬಿಸಿ ಇಂಜಿನ್ ಮೇಲೆ ಬೆಂಕಿ ಹೊತ್ಕೊಳ್ಳುತ್ತೆ. ಬ್ರೇಕ್ ಬೂಸ್ಟರ್ (ಇಂಜಿನ್ ಸೆಳೆತದಿಂದ ಬ್ರೇಕ್ ಹಗುರ ಮಾಡೋದು) ಇರೋ ಗಾಡಿ, ಬ್ರೇಕ್ ಒತ್ತಿದಾಗ್ಲೇ ಆಫ್ ಆಗುತ್ತೆ ಅಂದ್ರೆ ಬೂಸ್ಟರ್ ಪೈಪನ್ನ ಮೊದಲು ನೋಡಿ.

ಇನ್ನೊಂದು, ಕಾರ್ಬುರೇಟರ್‌ಗೆ ವೈರ್ ಹೋಗಿರೋ ಸಣ್ಣ ಸೊಲೆನಾಯ್ಡ್ (ಕರೆಂಟಿಂದ ತೆರೆಯೋ ಪೆಟ್ರೋಲ್ ವಾಲ್ವ್) ಇದ್ರೆ ಕೀ ಆನ್ ಮಾಡಿದಾಗ "ಟಿಕ್" ಅನ್ನಬೇಕು. ಅನ್ನಲಿಲ್ಲ ಅಂದ್ರೆ ಐಡಲಿಂಗಿಗೆ ಪೆಟ್ರೋಲೇ ಬರ್ತಿಲ್ಲ. ಎಷ್ಟೋ ಸಲ ಬರೀ ಲೂಸ್ ವೈರ್ ಇರುತ್ತೆ, ಅದಕ್ಕೆ ಹೊಸ ಕಾರ್ಬುರೇಟರ್ ಹಾಕಿಸಿದೋರಿದ್ದಾರೆ.

ಇದೆಲ್ಲ ಸರಿ ಇದ್ದು ಒಂದೇ ತಾಳಕ್ಕೆ ನಡುಗ್ತಿದ್ರೆ ಮಿಸ್ಸಿಂಗ್, ಅಂದ್ರೆ ಒಂದು ಸಿಲಿಂಡರ್ ಸರಿಯಾಗಿ ಉರೀತಿಲ್ಲ. ಇರೋದೇ ಮೂರು ಸಿಲಿಂಡರ್, ಒಂದು ಕೈಕೊಟ್ರೆ ಗಾಡಿ ಪೂರ್ತಿ ಅಲುಗಾಡುತ್ತೆ. ಸ್ಪಾರ್ಕ್ ಪ್ಲಗ್ ಬಿಚ್ಚಿ: ಮಸಿ ಕಪ್ಪು ಅಂದ್ರೆ ಪೆಟ್ರೋಲ್ ಜಾಸ್ತಿ, ಬೆಳ್ಳಗೆ ಸುಣ್ಣದಂಗಿದ್ರೆ ಕಮ್ಮಿ, ಎಣ್ಣೆ ಜಿಡ್ಡಿದ್ರೆ ಆಯಿಲ್ ಒಳಗೆ ಬರ್ತಿದೆ. ವಾಲ್ವ್ ಕ್ಲಿಯರೆನ್ಸ್ (ವಾಲ್ವ್ ಹತ್ರ ಬಿಡೋ ಸಣ್ಣ ಸಂದು) ಕೂಡ ನೋಡಿಸಿ, ಟ್ಯೂನಿಂಗ್ ಅನ್ನೋದು ಇದೆಲ್ಲ ಆದ್ಮೇಲೆ ಮಾಡೋ ಕೆಲಸ.

ಹಾಂ, ನೀವು ಕೇಳಲಿಲ್ಲ, ಆದ್ರೂ ಪೆಟ್ರೋಲ್ ವಿಷಯ ಹೇಳ್ಲೇಬೇಕು. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಲ್ಲೇ ಇ20 ಬಿಡುಗಡೆ ಮಾಡಿದ್ರು, ಅಂದ್ರೆ ನೂರಕ್ಕೆ 20 ಭಾಗ ಎಥನಾಲ್. ನಿಮ್ಮ ಗಾಡಿಯ ಜೆಟ್‌ಗಳು (ಕಾರ್ಬುರೇಟರಲ್ಲಿ ಪೆಟ್ರೋಲ್ ಅಳೆದು ಬಿಡೋ ತೂತುಗಳು) ಆ ಪೆಟ್ರೋಲಿಗೆ ಅಳತೆ ಮಾಡಿದ್ದಲ್ಲ. ಎಥನಾಲ್ ಒಳಗೇ ಆಮ್ಲಜನಕ ಇರೋದ್ರಿಂದ ಅದೇ ಜೆಟ್ಟಲ್ಲಿ ಮಿಶ್ರಣ ಸ್ವಲ್ಪ ಲೀನ್ (ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ) ಆಗುತ್ತೆ, ಮೊದಲೇ ಲೀಕ್ ಇರೋ ಗಾಡಿಗೆ ಅದೂ ಸೇರ್ಕೊಳ್ಳುತ್ತೆ. ಎಥನಾಲ್ ನೀರನ್ನೂ ಹೀರ್ಕೊಳ್ಳುತ್ತೆ, ನೀರು ಜಾಸ್ತಿಯಾದ್ರೆ ಪೆಟ್ರೋಲಿಂದ ಬೇರೆಯಾಗಿ ಟ್ಯಾಂಕ್ ತಳಕ್ಕೆ ಇಳಿಯುತ್ತೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿಟ್ಟ ಗಾಡಿ ಸ್ಟಾರ್ಟ್ ಮಾಡಿದ ತಕ್ಷಣ ಮಿಸ್ ಹೊಡೆದ್ರೆ ಟ್ಯಾಂಕ್ ತಳದ್ದನ್ನ ಒಂದು ಗಾಜಿನ ಬಾಟಲಿಗೆ ಇಳಿಸಿ ನೋಡಿ, ಕೆಳಗೆ ಬೇರೆ ಪದರ ಕಾಣುತ್ತೆ. ಹಳೆ ರಬ್ಬರ್ ಪೈಪ್‌ಗಳೂ ಇದ್ರಲ್ಲಿ ಉಬ್ಬಿ ಮೆತ್ತಗಾಗ್ತವೆ. ಪಂಪಿಂದ ಕಾರ್ಬುರೇಟರ್‌ಗೆ ಬರೋ ಪೈಪ್ ಒತ್ತಿದ್ರೆ ಅಂಟಂಟಾಗಿದ್ಯಾ, ಬಿರುಕು ಬಿಟ್ಟಿದ್ಯಾ ನೋಡಿ. ಹಂಗಿದ್ರೆ ಎಥನಾಲ್ ತಡೆಯೋ ಪೈಪ್ ಕೇಳಿ ಹಾಕಿಸಿ, ಅದು ಆಗೋವರೆಗೂ ಗಾಡಿ ಹೊರಗೆ ತೆಗೀಬೇಡಿ.