ಸಿನಿಮಾದ ಕಾರಿಗೆ ಅಷ್ಟು ವೇಗ ಎಲ್ಲಿಂದ ಬರುತ್ತದೆ?

ಓದುಗರ ಪ್ರಶ್ನೆ: "ಪ್ಯಾರಿಸ್ ಪೇಟೆಯೊಳಗೆ ಬೆಳಗಿನ ಜಾವ ಒಂದು ಕಾರು ಎಲ್ಲೂ ನಿಲ್ಲದೆ ಓಡುವ ಹಳೇ ಫ್ರೆಂಚ್ ಕಿರುಚಿತ್ರ ನೋಡಿದೆ. ಮೈ ಜುಂ ಅಂತು. ಆಮೇಲೆ ನಾವೂ ಕಾರವಾರದಿಂದ ಅಂಕೋಲಾಕ್ಕೆ ಹೋಗುವಾಗ ಡ್ಯಾಶ್‌ಬೋರ್ಡಿಗೆ ಫೋನ್ ಕಟ್ಟಿ ವಿಡಿಯೊ ಮಾಡಿದ್ವಿ. ನೂರರ ಹತ್ತಿರ ಇದ್ದರೂ ಎತ್ತಿನ ಗಾಡಿ ಹೋದ ಹಾಗೆ ಕಾಣುತ್ತದೆ. ಅವರು ನಿಜವಾಗಿ ಎಷ್ಟು ಸ್ಪೀಡಲ್ಲಿ ಹೋಗಿರುತ್ತಾರೆ?"

ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ. ಶಿರಸಿ ಕಡೆಯವರು ದೇವಿಮನೆ ಘಟ್ಟದಲ್ಲಿ ತೆಗೆದ ಬೈಕ್ ವಿಡಿಯೊ ಬಗ್ಗೆ ಕೇಳುತ್ತಾರೆ. ಕರಾವಳಿಯವರು ಹೆದ್ದಾರಿ 66ರ ಬಗ್ಗೆ ಕೇಳುತ್ತಾರೆ. ಉತ್ತರ ಒಂದೇ. ತೆರೆಯ ಮೇಲೆ ಕಾಣುವ ವೇಗದಲ್ಲಿ ಬಹುಪಾಲು ಕ್ಯಾಮೆರಾ ಮತ್ತು ಸದ್ದು ಸೇರಿ ಹುಟ್ಟಿಸಿದ್ದು. ಆದರೆ ನೀವು ನೋಡಿದ ಚಿತ್ರದಲ್ಲಿ ಅಪಾಯ ಮಾತ್ರ ಪೂರ್ತಿ ನಿಜ.

ಮೊದಲು ಆ ಚಿತ್ರದ ವಿಷಯ. ಕ್ಲೋದ್ ಲೆಲೂಶ್ ಎಂಬ ಫ್ರೆಂಚ್ ನಿರ್ದೇಶಕ 1976ರ ಆಗಸ್ಟ್‌ನಲ್ಲಿ ತೆಗೆದದ್ದು. ಹೆಸರು 'ಸೆತೇ ಅಂ ರಾಂದೆವೂ'. ಎಂಟು ನಿಮಿಷದ ಆಸುಪಾಸು, ಒಂದೇ ಶಾಟ್, ನಡುವೆ ಕಟ್ ಇಲ್ಲ. ಪ್ಯಾರಿಸ್‌ನ ಪಶ್ಚಿಮ ಅಂಚಿನಿಂದ ಹೊರಟ ಕಾರು ಆರ್ಕ್ ದ ತ್ರಿಯೋಂಫ್ ಸುತ್ತಿ, ಶಾಂಜೆಲಿಜೆ ಇಳಿದು, ಲೂವ್ರ್ ಅರಮನೆಯ ಕಮಾನಿನೊಳಗೆ ನುಗ್ಗಿ, ಓಪೆರಾ ದಾಟಿ, ಮೊಂಮಾರ್ತ್ರ್ ಗುಡ್ಡ ಹತ್ತಿ ಚರ್ಚಿನ ಮುಂದೆ ನಿಲ್ಲುತ್ತದೆ. ದಾರಿಯಲ್ಲಿ ಕೆಂಪು ದೀಪಗಳನ್ನು ಒಂದರ ಹಿಂದೊಂದು ಹಾರಿಸಿಕೊಂಡು ಹೋಗುತ್ತದೆ. ಪಾರಿವಾಳಗಳು ಚಕ್ರದ ಮುಂದಿಂದಲೇ ಎದ್ದು ಹಾರುತ್ತವೆ. ಒಂದು ಕಡೆ ಕಸದ ಲಾರಿ ಅಡ್ಡ ಸಿಗುತ್ತದೆ. ಇದರಲ್ಲಿ ಯಾವ ಟ್ರಿಕ್ಕೂ ಇಲ್ಲ, ಫಿಲ್ಮನ್ನು ವೇಗವಾಗಿ ಓಡಿಸಿಲ್ಲ ಎಂದು ಚಿತ್ರದ ಶುರುವಿನಲ್ಲೇ ಬರೆದಿದ್ದಾರೆ.

ದೃಶ್ಯದ ಮಟ್ಟಿಗೆ ಅದು ಸುಳ್ಳಲ್ಲ. ಸದ್ದಿನ ಕತೆ ಬೇರೆ. ನಿಮಗೆ ಕೇಳಿಸುವ ಆ ಗರ್ಜನೆ ಒಂದು ಫೆರಾರಿಯದ್ದು, 275 ಜಿಟಿಬಿ. ಆದರೆ ಬೆಳಿಗ್ಗೆ ರಸ್ತೆಯಲ್ಲಿ ಓಡಿದ್ದು ಲೆಲೂಶ್ ಅವರದೇ ಮರ್ಸಿಡಿಸ್, 450 ಎಸ್‌ಇಎಲ್ 6.9. ದೊಡ್ಡ, ಭಾರದ, ಆಟೋಮ್ಯಾಟಿಕ್ ಗೇರಿನ ಕಾರು. ಸಸ್ಪೆನ್ಷನ್ ಮೆತ್ತಗಿದ್ದುದರಿಂದ ಕಲ್ಲು ಹಾಸಿನ ರಸ್ತೆಯಲ್ಲೂ ಕ್ಯಾಮೆರಾ ಹೆಚ್ಚು ಅಲುಗಲಿಲ್ಲ. ಅದಕ್ಕಿದ್ದದ್ದು ಮೂರೇ ಗೇರು. ಚಿತ್ರದಲ್ಲಿ ಕಿವಿಗೊಟ್ಟು ಎಣಿಸಿ, ಗೇರು ಐದಕ್ಕೆ ಏರುತ್ತದೆ! ಆ ಸದ್ದನ್ನು ಆಮೇಲೆ ಬೇರೆಯಾಗಿ ರೆಕಾರ್ಡ್ ಮಾಡಿ ಕೂಡಿಸಿದ್ದು.

ಈಗ ವೇಗ ಲೆಕ್ಕ ಹಾಕೋಣ. ದಾರಿ ಸುಮಾರು 10 ಕಿ.ಮೀ. ಹಿಡಿದದ್ದು ಸುಮಾರು 8 ನಿಮಿಷ. ಅಂದರೆ ಸರಾಸರಿ ಗಂಟೆಗೆ 75ರಿಂದ 80 ಕಿ.ಮೀ. ಅಗಲ ರಸ್ತೆಯಲ್ಲಿ ಇದಕ್ಕಿಂತ ಬಹಳ ಜಾಸ್ತಿ, ಗಲ್ಲಿಗಳಲ್ಲಿ ಕಡಿಮೆ. ಪೇಟೆಯೊಳಗೆ ಅದು ಹುಚ್ಚು ವೇಗವೇ, ಅನುಮಾನ ಬೇಡ. ಆದರೆ ನೋಡುವಾಗ ನಮಗೆ ಅನಿಸುವುದು ಇನ್ನೂರು, ಅಲ್ವಾ? ನೀವು ಅಂಕೋಲಾ ದಾರಿಯಲ್ಲಿ ಅವರ ಸರಾಸರಿಯನ್ನು ದಾಟಿಯೇ ಇದ್ದಿರಿ. ಹಾಗಿದ್ದೂ ನಿಮ್ಮ ವಿಡಿಯೊ ಸಪ್ಪೆ.

ಮುಖ್ಯ ಕಾರಣ ಕ್ಯಾಮೆರಾದ ಎತ್ತರ. ಲೆಲೂಶ್ ಕ್ಯಾಮೆರಾ ಕಟ್ಟಿದ್ದು ಕಾರಿನ ಮುಂಭಾಗದಲ್ಲಿ, ಬಂಪರ್ ಮಟ್ಟದಲ್ಲಿ. ಚಾಲಕನ ಕಣ್ಣು ನೆಲದಿಂದ ಒಂದು ಮೀಟರಿಗಿಂತ ಮೇಲೆ ಇರುತ್ತದೆ. ಬಂಪರ್ ಮಟ್ಟದ ಕ್ಯಾಮೆರಾ ಅದರ ಮೂರನೇ ಒಂದು ಪಾಲು ಎತ್ತರದಲ್ಲಿ. ಎತ್ತರ ಮೂರನೇ ಒಂದಕ್ಕೆ ಇಳಿದರೆ ರಸ್ತೆ ಕಣ್ಣ ಕೆಳಗೆ ಸರಿಯುವ ವೇಗ ಮೂರು ಪಟ್ಟಾದಂತೆ ಕಾಣುತ್ತದೆ. ನಮ್ಮ ಮೆದುಳು ವೇಗವನ್ನು ಅಳೆಯುವುದೇ ಹಾಗೆ, ಹತ್ತಿರದ ವಸ್ತು ಎಷ್ಟು ಬೇಗ ಸರಿದುಹೋಯಿತು ಎನ್ನುವುದರ ಮೇಲೆ. ಮಗುವಾಗಿದ್ದಾಗ ಬಸ್ಸಿನ ಫುಟ್‌ಬೋರ್ಡ್ ಹತ್ತಿರ ನಿಂತು ಕೆಳಗೆ ನೋಡಿದವರಿಗೆ ಇದು ಗೊತ್ತು.

ನಿಮ್ಮ ಫೋನ್ ಇದ್ದದ್ದು ಡ್ಯಾಶ್‌ಬೋರ್ಡ್ ಮೇಲೆ. ಅಲ್ಲಿಂದ ನೋಡಿದರೆ ಬಾನೆಟ್ ಅಡ್ಡ ಬರುತ್ತದೆ. ಕಾರಿನ ಮೂತಿಯ ಮುಂದಿನ ನಾಲ್ಕೈದು ಮೀಟರ್ ರಸ್ತೆ ಕಾಣುವುದೇ ಇಲ್ಲ. ಎಲ್ಲಕ್ಕಿಂತ ವೇಗವಾಗಿ ಸರಿಯುವುದು ಅದೇ ತುಂಡು. ಅದನ್ನೇ ಮುಚ್ಚಿಬಿಟ್ಟರೆ ಉಳಿಯುವುದು ದೂರದ ಗುಡ್ಡ, ಆಕಾಶ, ಮುಂದೆ ಹೋಗುವ ಲಾರಿ. ಇವು ಯಾವುದೂ ಬೇಗ ಸರಿಯುವಂಥವಲ್ಲ.

ರಸ್ತೆ ಕೂಡ ಮುಖ್ಯ. ಕಾರವಾರದಲ್ಲಿ ಟ್ಯಾಗೋರ್ ಕಡಲತೀರದ ಪಕ್ಕದ ಹೆದ್ದಾರಿ ನೋಡಿ. ಅಗಲ ರಸ್ತೆ, ಒಂದು ಬದಿ ಸಮುದ್ರ. ಸಮುದ್ರದ ಅಂಚು ಎಷ್ಟು ಹೊತ್ತಾದರೂ ಇದ್ದಲ್ಲೇ ಇರುತ್ತದೆ. ಅಲ್ಲಿ ಎಂಬತ್ತರಲ್ಲಿ ಹೋದರೂ ತೇಲಿದ ಹಾಗೆ. ಅದೇ ಬಿಣಗಾ ಕಡೆಯ ಸುರಂಗದೊಳಗೆ ಹೊಕ್ಕರೆ ಗೋಡೆ, ದೀಪ ಎಲ್ಲ ಮೈಮೇಲೆ ಬರುತ್ತವೆ. ಕದ್ರಾ ದಾಟಿ ಕೈಗಾ ಕಡೆ ಹೋಗುವ ರಸ್ತೆಯಲ್ಲಿ ಮರಗಳು ಎರಡೂ ಬದಿಗೆ ಒತ್ತಿಕೊಂಡಿರುವ ಕಡೆ ನಲವತ್ತೇ ಅರವತ್ತಾಗಿ ಕಾಣುತ್ತದೆ. ಪ್ಯಾರಿಸ್‌ನ ಗಲ್ಲಿಗಳು ಲೆಲೂಶ್‌ಗೆ ಇದನ್ನೇ ಕೊಟ್ಟವು. ಎರಡೂ ಕಡೆ ಗೋಡೆ, ನಿಂತ ಕಾರುಗಳ ಸಾಲು, ಕಂಬ, ಎಲ್ಲವೂ ಕೈಗೆ ಸಿಗುವಷ್ಟು ಹತ್ತಿರ.

ಲೆನ್ಸ್ ವಿಷಯ ಸ್ವಲ್ಪದರಲ್ಲೇ ಮುಗಿಸುತ್ತೇನೆ. ಅಗಲ ನೋಟದ ಲೆನ್ಸ್ ಹಾಕಿದರೆ ಚೌಕಟ್ಟಿನ ಅಂಚುಗಳು ಹಿಂದಕ್ಕೆ ಧಾವಿಸುತ್ತವೆ. ನಡುವೆ ಸಣ್ಣಗೆ ಕಾಣುವ ಲಾರಿ ಕ್ಷಣದಲ್ಲಿ ದೊಡ್ಡದಾಗಿ ಎದುರಿಗೆ ಬರುತ್ತದೆ. ಉದ್ದ ಲೆನ್ಸ್ ಮಾಡುವುದು ಇನ್ನೊಂದು ಕೆಲಸ. ದೂರದಿಂದ ತೆಗೆದಾಗ ಮೂವತ್ತು ಮೀಟರ್ ಅಂತರದ ಎರಡು ಕಾರುಗಳು ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತವೆ. "ಅಯ್ಯೋ, ಕೂದಲೆಳೆಯಲ್ಲಿ ತಪ್ಪಿತು" ಎಂದು ನಾವು ಉಸಿರು ಬಿಡುವ ಎಷ್ಟೋ ಶಾಟ್‌ಗಳಲ್ಲಿ ನಡುವೆ ಒಂದು ಬಸ್ ನಿಲ್ಲುವಷ್ಟು ಜಾಗ ಇರುತ್ತದೆ.

ಇನ್ನು ಫಿಲ್ಮ್ ಓಡಿಸುವ ಲೆಕ್ಕ. ಸಿನಿಮಾ ತೆರೆಯ ಮೇಲೆ ಸೆಕೆಂಡಿಗೆ 24 ಚೌಕಟ್ಟು ಓಡುತ್ತದೆ. ತೆಗೆಯುವಾಗ 18ಕ್ಕೆ ಇಳಿಸಿ ತೆಗೆದರೆ, ತೋರಿಸುವಾಗ 60 ಕಿ.ಮೀ. ವೇಗ 80 ಆಗುತ್ತದೆ. ಹಳೇ ಚೇಸಿಂಗ್ ಸೀನ್‌ಗಳಲ್ಲಿ ಇದು ಬಹಳ ಬಳಕೆಯಲ್ಲಿತ್ತು. ಹಿನ್ನೆಲೆಯಲ್ಲಿ ನಡೆದು ಹೋಗುವ ಜನರನ್ನು ಗಮನಿಸಿ. ಅವರ ನಡಿಗೆ ಚಟಪಟ ಎಂದಿದ್ದರೆ ಗುಟ್ಟು ರಟ್ಟು.

ಕಟ್ ಮಾಡಿ ಜೋಡಿಸುವ ಕೆಲಸಕ್ಕೆ 1968ರ 'ಬುಲಿಟ್' ಒಳ್ಳೆ ಉದಾಹರಣೆ. ಸ್ಯಾನ್ ಫ್ರಾನ್ಸಿಸ್ಕೊದ ಏರಿಳಿತದ ಬೀದಿಗಳಲ್ಲಿ ಹತ್ತು ನಿಮಿಷಕ್ಕಿಂತ ಹೆಚ್ಚು ನಡೆಯುವ ಚೇಸ್ ಅದು. ಎಡಿಟರ್ ಫ್ರಾಂಕ್ ಕೆಲರ್‌ಗೆ ಆಸ್ಕರ್ ಬಂತು. ಅಲ್ಲಿ ಕಾರುಗಳು ನಿಜವಾಗಿಯೂ ವೇಗವಾಗಿ ಓಡಿವೆ. ಆದರೂ ಕಣ್ಣಿಟ್ಟು ನೋಡಿದರೆ ಒಂದೇ ಹಸಿರು ಫೋಕ್ಸ್‌ವ್ಯಾಗನ್ ಬೀಟಲನ್ನು ಮತ್ತೆ ಮತ್ತೆ ಹಿಂದೆ ಹಾಕುತ್ತಾರೆ. ಒಂದೇ ಇಳಿಜಾರಿನ ಓಟವನ್ನು ಹಲವು ಕೋನಗಳಿಂದ ತೋರಿಸಿ ಉದ್ದ ಮಾಡಿದ್ದಾರೆ. ಮೊದಲ ಸಲ ನೋಡುವಾಗ ಯಾರಿಗೂ ಗೊತ್ತಾಗುವುದಿಲ್ಲ. ಎದೆ ಹೊಡೆದುಕೊಳ್ಳುತ್ತಿರುವಾಗ ಬೀಟಲ್ ಲೆಕ್ಕ ಇಡುವವರು ಯಾರು?

ಇಷ್ಟು ವೇಗದ ಮಾತಾಯಿತು. ನನಗೆ ಇದಕ್ಕಿಂತ ಮುಖ್ಯ ಅನಿಸುವುದು ಅಪಾಯದ ಮಾತು.

ಲೆಲೂಶ್ ರಸ್ತೆ ಬಂದ್ ಮಾಡಿಸಿರಲಿಲ್ಲ. ಲೂವ್ರ್ ಕಮಾನಿನಿಂದ ಹೊರಬರುವ ತಿರುವಿನಲ್ಲಿ ಮುಂದೇನಿದೆ ಎಂದು ಕಾಣುವುದಿಲ್ಲ. ಅಲ್ಲಿ ಸಹಾಯಕರೊಬ್ಬರನ್ನು ವಾಕಿಟಾಕಿ ಕೊಟ್ಟು ನಿಲ್ಲಿಸಿದ್ದರು. ಯಾರಾದರೂ ಅಡ್ಡ ಬಂದರೆ ತಿಳಿಸಬೇಕಿತ್ತು. ಆ ವಾಕಿಟಾಕಿ ಕೆಟ್ಟಿತ್ತು ಎಂದು ಲೆಲೂಶ್ ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಅಂದರೆ ಆ ಕಡೆಯಿಂದ ಸದ್ದು ಬಾರದಿದ್ದನ್ನು 'ದಾರಿ ಖಾಲಿ ಇದೆ' ಎಂದು ತಿಳಿದು ನುಗ್ಗಿದ್ದು. ಆ ಹೊತ್ತಿಗೆ ಒಬ್ಬ ಹಾಲಿನವನು ದಾಟುತ್ತಿದ್ದರೆ? ಚಿತ್ರ ನನಗೂ ಇಷ್ಟ. ಅದರ ಅಂದವನ್ನು ಅಲ್ಲಗಳೆಯಲಾರೆ. ಆದರೆ ಆ ಬೆಳಿಗ್ಗೆ ಫುಟ್‌ಪಾತ್ ಮೇಲಿದ್ದ ಒಬ್ಬರನ್ನೂ ಯಾರೂ ಕೇಳಿರಲಿಲ್ಲ. ತನ್ನ ಜೀವ ಪಣಕ್ಕಿಡುವ ಹಕ್ಕು ಕಲಾವಿದನಿಗೆ ಇರಬಹುದು. ಪಕ್ಕದವನ ಜೀವದ ಮೇಲೆ ಇಲ್ಲ. ಇದರಲ್ಲಿ ನನಗೆ ಎರಡು ಮಾತಿಲ್ಲ.

ನ್ಯೂಯಾರ್ಕಿನಲ್ಲೂ ಇದೇ ಆಗಿದೆ. 1971ರ 'ಫ್ರೆಂಚ್ ಕನೆಕ್ಷನ್' ಚಿತ್ರದಲ್ಲಿ ಎತ್ತರದ ಹಳಿಯ ಮೇಲೆ ಓಡುವ ರೈಲನ್ನು ಕಾರು ಕೆಳಗಿನ ರಸ್ತೆಯಲ್ಲಿ ಬೆನ್ನಟ್ಟುತ್ತದೆ. ನಿರ್ದೇಶಕ ವಿಲಿಯಂ ಫ್ರೀಡ್ಕಿನ್ ಒಂದು ಓಟಕ್ಕೆ ತಾವೇ ಹಿಂದಿನ ಸೀಟಿನಲ್ಲಿ ಕ್ಯಾಮೆರಾ ಹಿಡಿದು ಕೂತರು. ಮಿಕ್ಕ ಕ್ಯಾಮೆರಾದವರಿಗೆ ಹೆಂಡತಿ ಮಕ್ಕಳಿದ್ದರು ಎನ್ನುವುದು ಅವರೇ ಕೊಟ್ಟ ಕಾರಣ. ಆ ಬೀದಿಯಲ್ಲಿ ನಿಜವಾದ ಜನ, ನಿಜವಾದ ವಾಹನಗಳು ಓಡಾಡುತ್ತಿದ್ದವು. ಅಂಥದ್ದನ್ನು ಮತ್ತೆಂದೂ ಮಾಡಲಾರೆ ಎಂದು ಫ್ರೀಡ್ಕಿನ್ ವಯಸ್ಸಾದ ಮೇಲೆ ಹೇಳಿದರು.

ಈಗ ಹಾಗೆ ಮಾಡುವುದಿಲ್ಲ. ರಸ್ತೆ ಬಂದ್ ಮಾಡಿಸುತ್ತಾರೆ. ಹಿನ್ನೆಲೆಯಲ್ಲಿ ಕಾಣುವ ಪ್ರತಿ ಕಾರನ್ನೂ ಸಿನಿಮಾದವರೇ ಓಡಿಸುತ್ತಿರುತ್ತಾರೆ. ಮೊದಲು ನಿಧಾನವಾಗಿ, ಆಮೇಲೆ ಅರ್ಧ ವೇಗದಲ್ಲಿ, ಕೊನೆಗೆ ನಿಜದ ವೇಗದಲ್ಲಿ ಅಭ್ಯಾಸ ನಡೆಯುತ್ತದೆ. ನಾಯಕ ಸ್ಟೇರಿಂಗ್ ತಿರುಗಿಸುವಾಗ ಆ ಕಾರು ಎಷ್ಟೋ ಸಲ ಟ್ರೈಲರ್ ಮೇಲೆ ಕೂತಿರುತ್ತದೆ. ಇಲ್ಲವೇ ಕಾರಿನ ನೆತ್ತಿಯ ಮೇಲೆ ಕಬ್ಬಿಣದ ಗೂಡು ಕಟ್ಟಿ, ಅಲ್ಲಿ ಕೂತ ಸ್ಟಂಟ್ ಚಾಲಕ ಓಡಿಸುತ್ತಾನೆ. ಕೆಳಗಿನ ನಾಯಕನ ಕೈಯಲ್ಲಿರುವುದು ಸುಮ್ನೆ ಒಂದು ಚಕ್ರ. ಲೆಲೂಶ್ ಅವರೇ 2020ರಲ್ಲಿ ಮೊನಾಕೊದಲ್ಲಿ ಅಂಥದ್ದೇ ಇನ್ನೊಂದು ಓಟ ತೆಗೆದರು. ಓಡಿಸಿದ್ದು ಫಾರ್ಮುಲಾ ಒನ್ ಚಾಲಕ ಶಾರ್ಲ್ ಲೆಕ್ಲೇರ್. ಬೀದಿಗಳನ್ನು ಮುಚ್ಚಿಸಿ ತೆಗೆದದ್ದು.

ನಮ್ಮ ಕಡೆಗೆ ಬರೋಣ. 2022ರ ಜುಲೈ 20ರಂದು ಭಟ್ಕಳ ದಾಟಿದ ಮೇಲೆ ಸಿಗುವ ಶಿರೂರು ಟೋಲ್‌ಗೇಟ್‌ನಲ್ಲಿ, ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಒದ್ದೆ ರಸ್ತೆಯಲ್ಲಿ ಜಾರಿ ಬಡಿಯಿತು. ನಾಲ್ಕು ಜನ ತೀರಿಕೊಂಡರು. ಸಿಸಿಟಿವಿ ದೃಶ್ಯ ಜಿಲ್ಲೆಯ ಎಲ್ಲರ ಫೋನಿಗೂ ಬಂದಿತ್ತು. ಕೂತಲ್ಲೇ ಕೂತ ಕ್ಯಾಮೆರಾ, ಎಂಜಿನ್ ಗರ್ಜನೆ ಇಲ್ಲ, ಕಟ್ ಇಲ್ಲ. ಅದರಲ್ಲಿ ವೇಗ ಅನ್ನುವುದೇ ಸರಿಯಾಗಿ ಕಾಣಲಿಲ್ಲ. ವಾಹನ ಅಡ್ಡ ತಿರುಗಿ ಜಾರಿಕೊಂಡು ಬಂತು, ಅಷ್ಟೇ. ಸಿನಿಮಾದಲ್ಲಿ ಇಲ್ಲದ ವೇಗವೂ ಕಾಣುತ್ತದೆ. ಇಲ್ಲಿ ಜೀವ ತೆಗೆದ ವೇಗವೂ ಕಾಣಲಿಲ್ಲ.

ಬ್ರೇಕಿನ ಲೆಕ್ಕ ಒಂದು ಹೇಳಿಬಿಡುತ್ತೇನೆ. ಒಣ ರಸ್ತೆ, ಒಳ್ಳೆ ಟೈರು, ಕಂಡು ಬ್ರೇಕ್ ಒತ್ತಲು ಒಂದು ಸೆಕೆಂಡ್ ಎಂದಿಟ್ಟುಕೊಳ್ಳಿ. 60ರಲ್ಲಿ ಹೋಗುವ ಕಾರು ನಿಲ್ಲಲು ಸುಮಾರು 37 ಮೀಟರ್ ಬೇಕು. 120ರಲ್ಲಿ ಹೋಗುವುದಕ್ಕೆ ಸುಮಾರು 115 ಮೀಟರ್. ವೇಗ ಎರಡು ಪಟ್ಟಾದರೆ ದೂರ ಮೂರು ಪಟ್ಟು. ಮಳೆಗಾಲದಲ್ಲಿ ಆ 115 ಸುಲಭವಾಗಿ 170 ದಾಟುತ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಒಣ ರಸ್ತೆ ಎಲ್ಲಿರುತ್ತದೆ ಮಾರಾಯ್ರೆ? ಮೀನಿನ ಲಾರಿಯಿಂದ ಸುರಿದ ನೀರು ಬೇರೆ. ರಾತ್ರಿ ದನಗಳು ಡಾಂಬರಿನ ಮೇಲೇ ಮಲಗಿರುತ್ತವೆ. ಹೆದ್ದಾರಿ ಕುಮಟಾ, ಹೊನ್ನಾವರ, ಭಟ್ಕಳದ ಪೇಟೆಯ ನಡುವಿನಿಂದಲೇ ಹೋಗುತ್ತದೆ. ಒಂದು ಬದಿಯಿಂದ ಇನ್ನೊಂದು ಬದಿಗೆ ಜನ ದಾಟಲೇಬೇಕು.

ತಲೆಗೆ ಏಟು ಬಿದ್ದರೆ ಮುಂದೇನು ಎನ್ನುವುದು ಈ ಜಿಲ್ಲೆಯ ಎಲ್ಲರಿಗೂ ಗೊತ್ತು. ದೊಡ್ಡ ಚಿಕಿತ್ಸೆಗೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲವೇ ಗೋವಾ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ಇಲ್ಲಿಯ ಜನ ಹೋರಾಟ ಮಾಡಿದ್ದು ಸುಮ್ನೆ ಅಲ್ಲ. ಪ್ಯಾರಿಸ್‌ನಲ್ಲಿ ಬಿದ್ದವನಿಗೆ ಊರೊಳಗೇ ದೊಡ್ಡ ಆಸ್ಪತ್ರೆ ಸಿಗುತ್ತದೆ. ನಮ್ಮವರಿಗೆ ಗಂಟೆಗಳು.

ಕಾನೂನನ್ನೂ ತಿಳಿದಿರಿ. ಸಾರ್ವಜನಿಕ ರಸ್ತೆಯಲ್ಲಿ ರೇಸ್ ಅಥವಾ ವೇಗದ ಪರೀಕ್ಷೆ ಮಾಡುವುದು ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಡಿ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೇ ಮೂರು ತಿಂಗಳ ತನಕ ಜೈಲು, 5,000 ರೂಪಾಯಿ ತನಕ ದಂಡ, ಅಥವಾ ಎರಡೂ. ಓಡಿಸಿದವರು 18 ತುಂಬದವರಾದರೆ ಹೆತ್ತವರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದ ತನಕ ಜೈಲು ಮತ್ತು 25,000 ರೂಪಾಯಿ ದಂಡ. ನೀವು ಹಾಕಿದ ವಿಡಿಯೊವೇ ನಿಮ್ಮ ಮೇಲಿನ ಸಾಕ್ಷಿ ಆಗಬಹುದು.

ಹಾಗಾದರೆ ವಿಡಿಯೊ ಆಸೆ ಬಿಡಬೇಕಾ? ಖಂಡಿತ ಬೇಡ. ಮೇಲೆ ಹೇಳಿದ್ದನ್ನೆಲ್ಲ ನಿಮ್ಮ ಕೆಲಸಕ್ಕೆ ಬಳಸಿಕೊಳ್ಳಿ. ಯಾರೂ ಓಡಾಡದ ಖಾಸಗಿ ಜಾಗ ನೋಡಿ, ಮಾಲೀಕರನ್ನು ಕೇಳಿ ಒಪ್ಪಿಸಿ. ತೋಟಕ್ಕೆ ಹೋಗುವ ಮಣ್ಣಿನ ದಾರಿ ಇದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಅಡಿಕೆ ಮರಗಳ ಸಾಲು ಎರಡೂ ಕಡೆ ಹತ್ತಿರದಲ್ಲೇ ಇರುತ್ತದೆ. ಆ್ಯಕ್ಷನ್ ಕ್ಯಾಮೆರಾವನ್ನು ಬಂಪರ್ ಮಟ್ಟಕ್ಕೆ, ಬಿಗಿಯಾಗಿ ಕಟ್ಟಿ. ಜೊತೆಗೊಂದು ದಾರವೂ ಇರಲಿ, ಅಂಟು ಬಿಟ್ಟರೆ ಚಕ್ರದಡಿ ಹೋಗುತ್ತದೆ. ಅಗಲ ನೋಟದಲ್ಲಿ ತೆಗೆಯಿರಿ. ಅಲುಗಾಟ ತಡೆಯುವ ಸೌಲಭ್ಯವನ್ನು ಕಡಿಮೆ ಮಾಡಿ. ಅದು ಚೌಕಟ್ಟಿನ ಅಂಚನ್ನು ಕತ್ತರಿಸುತ್ತದೆ, ವೇಗ ಕಾಣುವುದು ಆ ಅಂಚಿನಲ್ಲೇ. ತಿರುವಿನ ಎರಡೂ ಕಡೆ ಒಬ್ಬೊಬ್ಬರನ್ನು ನಿಲ್ಲಿಸಿ. ಅವರು ಕೈ ಎತ್ತಿ ಸನ್ನೆ ಮಾಡಿದರೆ ಮಾತ್ರ ಹೊರಡಿ, ಸನ್ನೆ ಬರದಿದ್ದರೆ ನಿಂತಲ್ಲೇ ನಿಲ್ಲಿ. ಕಾರು 25ರಿಂದ 30ರಲ್ಲಿ ಹೋದರೆ ಸಾಕು.

ಎಂಜಿನ್ ಸದ್ದನ್ನು ಬೇರೆಯಾಗಿ ರೆಕಾರ್ಡ್ ಮಾಡಿಕೊಳ್ಳಿ. ಕಾರು ನ್ಯೂಟ್ರಲ್‌ನಲ್ಲಿ ನಿಂತಿರಲಿ, ಹ್ಯಾಂಡ್‌ಬ್ರೇಕ್ ಎಳೆದು, ಆಕ್ಸಲರೇಟರನ್ನು ಏರಿಸಿ ಇಳಿಸಿ, ಗೇರು ಬದಲಿಸಿದ ಹಾಗೆ. ಎಡಿಟ್ ಮಾಡುವಾಗ ದೃಶ್ಯವನ್ನು 1.3 ಪಟ್ಟು ವೇಗಕ್ಕೆ ಏರಿಸಿ ಈ ಸದ್ದನ್ನು ಕೂಡಿಸಿ. ಅದಕ್ಕಿಂತ ಜಾಸ್ತಿ ಏರಿಸಿದರೆ ಗಾಳಿಗೆ ಅಲ್ಲಾಡುವ ಅಡಿಕೆ ಹೆಡೆಗಳೇ ಗುಟ್ಟು ಬಿಟ್ಟುಕೊಡುತ್ತವೆ.