ಮನೆಯ ಸೆನ್ಸರ್, ಮೂರು ಕಂಪ್ಯೂಟರ್: ಕ್ಲೌಡ್ ಬೇಕೇ ಬೇಕಾ?

ಪ್ರಶ್ನೆ: ಮನೆಯ ಮೂರು ಕೋಣೆಗಳಲ್ಲಿ ವೈಫೈ ಇರುವ ಪುಟ್ಟ ಇಎಸ್‌ಪಿ32 ಬೋರ್ಡ್‌ಗೆ ತಾಪಮಾನದ ಸೆನ್ಸರ್ ಜೋಡಿಸಿ ಇಟ್ಟಿದ್ದೇನೆ. ಬೋರ್ಡ್‌ಗಳಲ್ಲಿ ಮೈಕ್ರೋಪೈಥಾನ್ (ಇಂಥ ಪುಟ್ಟ ಬೋರ್ಡ್‌ಗಳಿಗೆ ಮಾಡಿದ ಪೈಥಾನ್) ಇದೆ. ವಿಂಡೋಸ್ ಲ್ಯಾಪ್‌ಟಾಪ್, ಮ್ಯಾಕ್, ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೂರರಲ್ಲೂ ಪೈಥಾನ್‌ನಿಂದ ಆ ಅಂಕಿಗಳನ್ನು ಓದಬೇಕು. ಯಾವ ಕ್ಲೌಡ್ ಸೇವೆ ಒಳ್ಳೆಯದು?

ಉತ್ತರ: ಯಾವುದೂ ಬೇಡ.

ಇದಕ್ಕೆ ಎಷ್ಟು ಸಲ ಉತ್ತರ ಬರೆದೆನೋ ಲೆಕ್ಕವಿಲ್ಲ. ಪ್ರತಿ ಸಲವೂ ಸೆನ್ಸರ್ ಬೇರೆ, ಬೋರ್ಡ್ ಬೇರೆ, ಕೊನೆಯ ಸಾಲು ಮಾತ್ರ ಅದೇ. ಪಕ್ಕದ ಕೋಣೆಯಿಂದ ಈ ಕೋಣೆಗೆ ಒಂದು ಅಂಕಿ ಬರಬೇಕಾದರೂ ಅದು ಊರೆಲ್ಲ ಸುತ್ತಿ ಬರಬೇಕು ಅನ್ನುವ ನಂಬಿಕೆ ತುಂಬಾ ಗಟ್ಟಿಯಾಗಿ ಕೂತುಬಿಟ್ಟಿದೆ. ಇವತ್ತು ಅದನ್ನು ಬುಡಸಮೇತ ಕೀಳೋಣ.

ಮೊದಲು ದಾರಿ ಹೇಳಿಬಿಡುತ್ತೇನೆ. ಪೈ ಮೇಲೆ ಮಸ್ಕೀಟೊ ಹಾಕಿ. ಅದೊಂದು ಎಂಕ್ಯೂಟಿಟಿ ಬ್ರೋಕರ್, ಅಂದರೆ ಎಂಕ್ಯೂಟಿಟಿ ಎಂಬ ಸಂದೇಶ ಪದ್ಧತಿಯ ಮಧ್ಯವರ್ತಿ ಪ್ರೋಗ್ರಾಂ. ಬೋರ್ಡ್‌ಗಳು ಅದಕ್ಕೆ ಅಂಕಿ ಕಳಿಸುತ್ತವೆ, ಕೇಳಿದವರಿಗೆಲ್ಲ ಅದು ಹಂಚುತ್ತದೆ. ಮೂರೂ ಕಂಪ್ಯೂಟರ್‌ಗಳಲ್ಲಿ ಎಂಕ್ಯೂಟಿಟಿಗೆ ಇರುವ ಪಾಹೊ ಎಂಬ ಪೈಥಾನ್ ಲೈಬ್ರರಿ ಬಳಸುವ ಹದಿನೈದು ಸಾಲಿನ ಪ್ರೋಗ್ರಾಂ ಸಾಕು, ಒಂದಕ್ಷರವೂ ಬದಲಾಗುವುದಿಲ್ಲ. ಯುಎಸ್‌ಬಿ ಕೇಬಲ್‌ನಲ್ಲಿ ಓದಿದ್ದರೆ ವಿಂಡೋಸ್‌ನಲ್ಲಿ ಕಾಮ್3, ಲಿನಕ್ಸ್‌ನಲ್ಲಿ ಟಿಟಿವೈಯುಎಸ್‌ಬಿ0 ಅಂತ ಪೋರ್ಟ್ ಹೆಸರೇ ಬೇರೆ ಇರುತ್ತಿತ್ತು. ಇಲ್ಲಿ ಆ ತಲೆನೋವಿಲ್ಲ. ಟಾಪಿಕ್, ಅಂದರೆ ಯಾವ ಅಂಕಿ ಅಂತ ಗುರುತಿಸುವ ಹೆಸರು, ಎಲ್ಲ ಲಿಪಿಗೂ ಹೊಂದುವ ಯುಟಿಎಫ್-8 ಪಠ್ಯ ಆದ್ದರಿಂದ 'ಮನೆ/ಅಡುಗೆಮನೆ/ತಾಪ' ಅಂತ ಕನ್ನಡದಲ್ಲೇ ಇಡಬಹುದು. ನಾನು ಹಾಗೇ ಇಟ್ಟಿದ್ದೇನೆ.

ಈಗ ರೌಟರ್ ಹತ್ತಿರ ಹೋಗಿ. ಹೊರಗಿನಿಂದ ಇಂಟರ್ನೆಟ್ ತರುವ ಕೇಬಲ್ ಒಂದಿರುತ್ತದೆ, ಅದನ್ನು ಮಾತ್ರ ತೆಗೆಯಿರಿ. ಪವರ್ ಹಾಗೇ ಇರಲಿ. ವಾಪಸ್ ಬಂದು ಲ್ಯಾಪ್‌ಟಾಪ್ ನೋಡಿ. 26.4, 26.4, 26.5. ಅಂಕಿಗಳು ಬರುತ್ತಲೇ ಇವೆ, ಅಲ್ವಾ? ಬ್ರೌಸರ್‌ನಲ್ಲಿ ಒಂದು ಪುಟವೂ ತೆರೆಯುವುದಿಲ್ಲ, ಆದರೆ ಅಡುಗೆಮನೆಯ ತಾಪಮಾನ ತಪ್ಪದೆ ಬರುತ್ತದೆ.

ಕಾರಣ ವಿಳಾಸದಲ್ಲೇ ಇದೆ. ಪೈಗೆ ನಿಮ್ಮ ರೌಟರ್ ಕೊಟ್ಟ ವಿಳಾಸ 192.168 ಅಂತ ಶುರುವಾಗುತ್ತದೆ ಅಂದುಕೊಳ್ಳಿ. ಇಂಥ ವಿಳಾಸಗಳನ್ನು ಖಾಸಗಿ ನೆಟ್‌ವರ್ಕ್‌ಗೆ ಅಂತಲೇ ಮೀಸಲಿಡಲಾಗಿದೆ, ಇಂಟರ್ನೆಟ್ ನಿಯಮಗಳ ದಾಖಲೆಯಾದ 1996ರ ಆರ್‌ಎಫ್‌ಸಿ 1918ರಲ್ಲಿ ಅದು ಸ್ಪಷ್ಟವಾಗಿದೆ. ಹೊರಗಿನ ಇಂಟರ್ನೆಟ್‌ನಲ್ಲಿ ಆ ವಿಳಾಸಕ್ಕೆ ದಾರಿಯೇ ಇಲ್ಲ. ವೈಫೈ ಅಂದರೆ ಮನೆಯೊಳಗಿನ ರಸ್ತೆ. ಇಂಟರ್ನೆಟ್ ಗೇಟಿನ ಆಚೆಯದು. ಎರಡಕ್ಕೂ ಒಂದೇ ಪೆಟ್ಟಿಗೆ ಇರುವುದರಿಂದ ಎರಡೂ ಒಂದೇ ಅನಿಸುತ್ತದೆ, ಅಷ್ಟೇ.

ಈ ನಂಬಿಕೆ ಸುಮ್ನೆ ಹುಟ್ಟಿದ್ದಲ್ಲ, ಅದನ್ನೂ ಒಪ್ಪುತ್ತೇನೆ. ಎಷ್ಟೋ ರೆಡಿಮೇಡ್ ಸಾಧನಗಳು ತಮ್ಮ ಕಂಪನಿಯ ಸರ್ವರ್‌ಗೆ ಮಾಹಿತಿ ಕಳಿಸುತ್ತವೆ, ಫೋನಿನ ಆ್ಯಪ್ ಅಲ್ಲಿಂದ ಓದುತ್ತದೆ. ನೆಟ್ ಹೋದ ಕೂಡಲೇ ಆ್ಯಪ್ 'ಆಫ್‌ಲೈನ್' ಅನ್ನುತ್ತದೆ. ಅದು ಆ ಸಾಧನ ಮಾಡಿದವರ ಆಯ್ಕೆ, ತಂತ್ರಜ್ಞಾನದ ನಿಯಮವಲ್ಲ.

ಇನ್ನೊಂದು ಕಾರಣ ಮಸ್ಕೀಟೊ. ಅದರ 2.0 ಆವೃತ್ತಿಯಿಂದ, ನೀವು ಏನೂ ಹೇಳದಿದ್ದರೆ ಅದು ತಾನಿರುವ ಕಂಪ್ಯೂಟರ್‌ನ ಮಾತನ್ನು ಮಾತ್ರ ಕೇಳುತ್ತದೆ. ಪೈ ಮೇಲೆ ಪರೀಕ್ಷಿಸಿದರೆ ಸರಿ, ಲ್ಯಾಪ್‌ಟಾಪ್‌ನಿಂದ 'ಕನೆಕ್ಷನ್ ರಿಫ್ಯೂಸ್ಡ್'. ಜನ ಇಲ್ಲಿಗೆ ಕೈಬಿಟ್ಟು ಕ್ಲೌಡ್ ಹುಡುಕುತ್ತಾರೆ. ಸುರಕ್ಷತೆಗೆ ಅಂತ ಮುಚ್ಚಿಟ್ಟ ಬಾಗಿಲು ಅದು. ಕಾನ್ಫಿಗ್ ಫೈಲ್‌ನಲ್ಲಿ ಲಿಸನರ್ 1883 ಅಂತ ಒಂದು ಸಾಲು (1883 ಅನ್ನುವುದು ಎಂಕ್ಯೂಟಿಟಿಯ ಪೋರ್ಟ್ ಸಂಖ್ಯೆ), ಪಾಸ್‌ವರ್ಡ್ ಫೈಲ್‌ಗೆ ಇನ್ನೊಂದು ಸಾಲು ಬರೆಯಿರಿ. ಪಾಸ್‌ವರ್ಡ್ ಸಾಲು ಬಿಡಬೇಡಿ. ಗೆಸ್ಟ್ ವೈಫೈನಲ್ಲಿದ್ದರೆ ಸಾಧನಗಳು ಒಂದಕ್ಕೊಂದು ಕಾಣದೇ ಇರಬಹುದು, ಅದನ್ನೂ ನೋಡಿ. ಹಳೆಯ ಉದಾಹರಣೆ ಕಾಪಿ ಮಾಡಿದಾಗ ಪಾಹೊ ಎರರ್ ಕೊಟ್ಟರೆ, 2024ರಲ್ಲಿ ಬಂದ ಅದರ 2.0ರಲ್ಲಿ ಕ್ಲೈಂಟ್ ಮಾಡುವಾಗ ಕಾಲ್‌ಬ್ಯಾಕ್ (ಸಂದೇಶ ಬಂದಾಗ ಓಡುವ ಫಂಕ್ಷನ್) ಆವೃತ್ತಿಯನ್ನೂ ಹೇಳಬೇಕು.

ಅಂದಹಾಗೆ, ನೀವು ಕೇಳದ ಒಂದು ವಿಷಯ. ಕೇಬಲ್ ಕಿತ್ತಾಗ ನಿಜವಾಗಿ ಒಂದು ಹೋಗುತ್ತದೆ: ಸಮಯ. ಸರಿಯಾದ ಸಮಯ ಸಾಮಾನ್ಯವಾಗಿ ಇಂಟರ್ನೆಟ್‌ನಿಂದಲೇ ಬರುತ್ತದೆ.

'ರಿಟೇನ್' (ಇಟ್ಟುಕೋ) ಎಂಬ ಗುರುತು ಹಾಕಿ ಕಳಿಸಿದ ಕೊನೆಯ ಅಂಕಿಯನ್ನು ಬ್ರೋಕರ್ ಇಟ್ಟುಕೊಂಡಿರುತ್ತದೆ. ಲ್ಯಾಪ್‌ಟಾಪ್ ಆನ್ ಮಾಡಿದ ತಕ್ಷಣ ಅದು ಸಿಗುತ್ತದೆ. ಆದರೆ ಅದು ಈಗಿನದಾ, ನಿನ್ನೆಯದಾ? ಅಂಕಿಯ ಜೊತೆ ಸಮಯ ಇಲ್ಲದಿದ್ದರೆ ಗೊತ್ತಾಗುವುದಿಲ್ಲ. ಹಾಗಂತ ಬೋರ್ಡ್‌ನಿಂದಲೇ ಸಮಯ ಕಳಿಸಿದರೆ ಇನ್ನೊಂದು ಪೇಚು. ಪವರ್ ಹೋಗಿ ಬಂದರೆ ಇಎಸ್‌ಪಿ32ರ ಗಡಿಯಾರ 2000ದ ಜನವರಿ 1ರಿಂದ ಮತ್ತೆ ಶುರುವಾಗುತ್ತದೆ. ಸಮಯ ಸರಿಯಿದ್ದರೂ ಮೈಕ್ರೋಪೈಥಾನ್ ಅಲ್ಲಿ ಸೆಕೆಂಡ್ ಎಣಿಸುವುದು 2000ದಿಂದ, ನಿಮ್ಮ ಲ್ಯಾಪ್‌ಟಾಪ್‌ನ ಪೈಥಾನ್ ಎಣಿಸುವುದು 1970ರಿಂದ. ನನ್ನ ಮೊದಲ ಗ್ರಾಫ್ ಮೂವತ್ತು ವರ್ಷ ಹಿಂದಕ್ಕೆ ಹೋಗಿತ್ತು. ಒಂದು ಸಂಜೆ ಪೂರ್ತಿ ಹುಡುಕಿದ ಮೇಲೆ ಸಿಕ್ಕಿದ್ದು 94,66,84,800 ಸೆಕೆಂಡ್‌ಗಳ ವ್ಯತ್ಯಾಸ.

ಆಮೇಲೆ ನಾನು ಬೋರ್ಡ್‌ಗಳಿಂದ ಸಮಯ ಕೇಳುವುದನ್ನೇ ಬಿಟ್ಟೆ. ಅಂಕಿ ಬಂದು ತಲುಪಿದ ಕ್ಷಣವನ್ನು ಪೈ ಮೇಲಿನ ಪೈಥಾನ್ ಪ್ರೋಗ್ರಾಂ ಯುಟಿಸಿಯಲ್ಲಿ (ಜಗತ್ತಿಗೆಲ್ಲ ಒಂದೇ ಆದ ಸಮಯ) ಬರೆದು, ಎಸ್‌ಕ್ಯೂಲೈಟ್ ಡೇಟಾಬೇಸ್‌ನಲ್ಲಿ ಉಳಿಸಿ, ಸಮಯ ಸೇರಿಸಿ ಜೇಸನ್ ಎಂಬ ಪಠ್ಯ ರೂಪದಲ್ಲಿ ಮತ್ತೆ ಹಂಚುತ್ತದೆ. ಪೈ 4ರವರೆಗಿನ ಬೋರ್ಡ್‌ಗಳಲ್ಲಿ ಬ್ಯಾಟರಿಯ ಗಡಿಯಾರ ಇಲ್ಲ, ಪೈ 5ರಲ್ಲಿ ಇದ್ದರೂ ಬ್ಯಾಟರಿ ನಾವೇ ಹಾಕಬೇಕು. ನನ್ನದು ಹಳೆಯ ಪೈ. ಅದಕ್ಕೆ ಡಿಎಸ್3231 ಗಡಿಯಾರದ ಚಿಪ್ ಇರುವ ಪುಟ್ಟ ಬೋರ್ಡ್ ಜೋಡಿಸಿ, ಗುಂಡಿಯಷ್ಟು ದೊಡ್ಡ ಬ್ಯಾಟರಿ ಹಾಕಿದ್ದೇನೆ. ಮನೆಯೊಳಗಿನ ತಾಪಮಾನದಲ್ಲಿ ಅದು ತಪ್ಪಿದರೂ ವರ್ಷಕ್ಕೆ ಜಾಸ್ತಿ ಅಂದರೆ ಒಂದು ನಿಮಿಷದಷ್ಟು.