ಚೆಕ್ ಎಂಜಿನ್ ದೀಪ, ಆಕ್ಸಿಜನ್ ಸೆನ್ಸರ್: ಕೋಡ್ ಓದಿದ ಮೇಲಿನ ಕೆಲಸ

ಚೆಕ್ ಎಂಜಿನ್ ದೀಪ ಹತ್ತಿದ ಗಾಡಿಗೆ ಸ್ಕ್ಯಾನರ್ (ದೋಷದ ಕೋಡ್ ಓದುವ ಉಪಕರಣ) ಹಾಕಿದಾಗ ಪಿ0171 ಎಂಬ ಕೋಡ್ ಬಂದರೆ ‘ಬ್ಯಾಂಕ್ 1 ಲೀನ್’ ಎಂದರ್ಥ. ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಎಂದು ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಲೆಕ್ಕ ಹಾಕಿದೆ. ಆ ಲೆಕ್ಕಕ್ಕೆ ಆಧಾರ ಎಕ್ಸಾಸ್ಟ್ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್ ಕಳಿಸಿದ ಸಿಗ್ನಲ್. ಅಷ್ಟು ನೋಡಿದ್ದೇ ತಡ, ಸೆನ್ಸರ್ ಬಿಚ್ಚಿ ಹೊಸದು ಹಾಕುವವರು ಬಹಳ ಮಂದಿ. ಒಡೆದ ವ್ಯಾಕ್ಯೂಮ್ ಪೈಪಿನಿಂದ ಗಾಳಿ ನುಗ್ಗುತ್ತಿದ್ದರೆ ಹೊಸ ಸೆನ್ಸರ್ ಕೂಡ ಲೀನ್ ಅಂತಲೇ ಹೇಳುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಹಾಗಾಗಿ ಪ್ರತಿ ಹಂತದಲ್ಲೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಸೆನ್ಸರ್ ಹೇಳುತ್ತಿರುವುದು ನಿಜವೋ ಸುಳ್ಳೋ? ನಿಜವಾದರೆ ಕೆಲಸ ಎಂಜಿನ್‌ನಲ್ಲಿದೆ. ಸುಳ್ಳಾದರೆ ಸೆನ್ಸರ್, ಅದರ ವೈರಿಂಗ್ ಅಥವಾ ಎಕ್ಸಾಸ್ಟ್ ಸೋರಿಕೆ ಹುಡುಕಬೇಕು. ಇಲ್ಲಿರುವುದೆಲ್ಲ ಪೆಟ್ರೋಲ್ ಎಂಜಿನ್ನಿಗೆ ಸಂಬಂಧಿಸಿದ್ದು.

ದೀಪ ಉರಿಯುವ ರೀತಿ

ಕೀ ಆನ್ ಮಾಡಿದಾಗ ದೀಪ ಹತ್ತಿ, ಎಂಜಿನ್ ಸ್ಟಾರ್ಟ್ ಆದ ಮೇಲೆ ಆರಬೇಕು. ಕೀ ಆನ್ ಮಾಡಿದರೂ ಹತ್ತದಿದ್ದರೆ ಬಲ್ಬ್ ಹೋಗಿದೆ ಅಥವಾ ಯಾರೋ ತೆಗೆದಿದ್ದಾರೆ. ಹಳೆಯ ಕಾರು ನೋಡುವಾಗ ಇದನ್ನು ಮರೆಯಬೇಡಿ.

ದೀಪ ಒಂದೇ ಸಮನೆ ಉರಿಯುತ್ತಿದ್ದು, ಎಂಜಿನ್ ಸಲೀಸಾಗಿ ಓಡುತ್ತಿದ್ದರೆ ನಿಧಾನವಾಗಿ ಪರೀಕ್ಷೆಗೆ ಕರೆದೊಯ್ಯಬಹುದು. ಮಿಣುಕುತ್ತಿದ್ದರೆ ವಿಷಯ ಬೇರೆ. ಎಂಜಿನ್ ಜೋರಾಗಿ ಮಿಸ್ಸಿಂಗ್ ಹೊಡೆಯುತ್ತಿದೆ, ಉರಿಯದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತಿದೆ ಎಂದರ್ಥ. ಒಳಗಿನ ಸೆರಾಮಿಕ್ ಕರಗುವಷ್ಟು ಬಿಸಿಯಾಗಬಹುದು. ಕೂಡಲೇ ಆಕ್ಸಿಲರೇಟರ್ ಬಿಟ್ಟು, ಗಾಡಿ ನಿಲ್ಲಿಸಿ. ಒಂದು ಇಗ್ನಿಷನ್ ಕಾಯಿಲ್‌ನಿಂದ ಶುರುವಾದ ತೊಂದರೆ ಕನ್ವರ್ಟರ್ ಬದಲಿಸುವವರೆಗೆ ಹೋಗುವುದು ಈ ಹಂತದಲ್ಲೇ.

ಬಹುತೇಕ ದೋಷಗಳಿಗೆ ದೀಪ ಮೊದಲ ಸಲವೇ ಹತ್ತುವುದಿಲ್ಲ. ಮೊದಲ ಪ್ರಯಾಣದಲ್ಲಿ ದೋಷ ಕಂಡರೆ ‘ಪೆಂಡಿಂಗ್’ ಕೋಡ್ ಆಗಿ ಉಳಿಯುತ್ತದೆ, ಎರಡನೆಯದರಲ್ಲೂ ಕಂಡರೆ ದೀಪ ಹತ್ತುತ್ತದೆ. ಆಮೇಲೆ ಸತತ ಮೂರು ಡ್ರೈವ್ ಸೈಕಲ್‌ಗಳಲ್ಲಿ (ಸ್ಟಾರ್ಟ್ ಮಾಡಿ ಓಡಿಸಿ ನಿಲ್ಲಿಸುವ ಸುತ್ತು) ಆ ಪರೀಕ್ಷೆ ಪಾಸಾದರೆ ದೀಪ ತಾನಾಗಿ ಆರುತ್ತದೆ, ಕೋಡ್ ಮಾತ್ರ ತಣ್ಣಗಿನ ಎಂಜಿನ್ ಬಿಸಿಯಾಗುವ ಸುಮಾರು 40 ವಾರ್ಮ್-ಅಪ್ ಸೈಕಲ್‌ವರೆಗೆ ನೆನಪಿನಲ್ಲಿರುತ್ತದೆ. ದೀಪ ಆರಿದ ಗಾಡಿಯಲ್ಲೂ ಸ್ಕ್ಯಾನರ್ ಹಾಕಿ ನೋಡಿದರೆ ಉಪಯೋಗವಿದೆ ಅನ್ನುವುದು ಇದಕ್ಕೇ.

ಕೋಡ್ ಅಳಿಸುವ ಮುನ್ನ

ಸ್ಟೀರಿಂಗ್ ಕೆಳಗೆ, ಡ್ಯಾಶ್‌ಬೋರ್ಡ್ ಅಡಿಯಲ್ಲಿ 16 ಪಿನ್‌ಗಳ ಒಬಿಡಿ ಸಾಕೆಟ್ (ಸ್ಕ್ಯಾನರ್ ಜೋಡಿಸುವ ಜಾಗ) ಇರುತ್ತದೆ. 16ನೇ ಪಿನ್ ಬ್ಯಾಟರಿ ಪಾಸಿಟಿವ್, 4 ಮತ್ತು 5 ಅರ್ತ್. ಸ್ಕ್ಯಾನರ್ ಆನ್ ಆಗದಿದ್ದರೆ 16ಕ್ಕೂ 4ಕ್ಕೂ ನಡುವೆ 12 ವೋಲ್ಟ್ ಇದೆಯೇ ನೋಡಿ. ಬಹಳ ಕಾರುಗಳಲ್ಲಿ ಈ ಪಿನ್‌ಗೂ ಸಿಗರೇಟ್ ಲೈಟರ್‌ಗೂ ಒಂದೇ ಫ್ಯೂಸ್ ಇರುತ್ತದೆ.

ಕೋಡ್ ಜೊತೆ ‘ಫ್ರೀಜ್ ಫ್ರೇಮ್’ ಕೂಡ ಬರೆದುಕೊಳ್ಳಿ. ದೋಷ ದಾಖಲಾದ ಕ್ಷಣದ ಆರ್‌ಪಿಎಂ, ಲೋಡ್, ಕೂಲಂಟ್ ತಾಪಮಾನ, ವೇಗ, ಫ್ಯೂಯೆಲ್ ಟ್ರಿಮ್ ಅದರಲ್ಲಿರುತ್ತವೆ. ಲೀನ್ ಕೋಡ್ ಐಡ್ಲಿಂಗ್‌ನಲ್ಲಿ ಬಂದಿತೋ, ಏರು ರಸ್ತೆಯಲ್ಲಿ ಪೂರ್ತಿ ಲೋಡ್‌ನಲ್ಲಿ ಬಂದಿತೋ ಎಂಬುದರಿಂದಲೇ ಅರ್ಧ ಪತ್ತೆ ಮುಗಿಯುತ್ತದೆ. ಕೋಡ್ ಅಳಿಸಿದರೆ ಈ ಮಾಹಿತಿಯೂ ಹೋಗುತ್ತದೆ. ಬ್ಯಾಟರಿ ಟರ್ಮಿನಲ್ ಬಿಚ್ಚಿದರೂ ಬಹಳ ಗಾಡಿಗಳಲ್ಲಿ ಅದೇ ಗತಿ.

ಬ್ಯಾಂಕ್ 1 ಎಂದರೆ ಒಂದನೇ ಸಿಲಿಂಡರ್ ಇರುವ ಬದಿ. ಸೆನ್ಸರ್ 1 ಕನ್ವರ್ಟರ್‌ಗಿಂತ ಮೊದಲು, ಸೆನ್ಸರ್ 2 ಅದರ ನಂತರ. ಪಿ0131 ಸಿಗ್ನಲ್ ಕಡಿಮೆ, ಪಿ0132 ಹೆಚ್ಚು, ಪಿ0133 ನಿಧಾನ, ಪಿ0134 ಚಟುವಟಿಕೆಯೇ ಇಲ್ಲ, ಪಿ0135 ಹೀಟರ್ ಸರ್ಕ್ಯೂಟ್. ಇವೆಲ್ಲ ಬ್ಯಾಂಕ್ 1 ಸೆನ್ಸರ್ 1ಕ್ಕೆ. ಪಿ0137ರಿಂದ ಪಿ0141ರವರೆಗೆ ಇದೇ ಸಾಲು ಸೆನ್ಸರ್ 2ಕ್ಕೆ. ಮಿಸ್ಸಿಂಗ್ ಕೋಡ್ (ಪಿ0300 ಸಾಲು) ಜೊತೆಗಿದ್ದರೆ ಮೊದಲು ಅದನ್ನೇ ಸರಿಮಾಡಿ. ಉರಿಯದ ಸಿಲಿಂಡರ್‌ನಿಂದ ಪೆಟ್ರೋಲ್ ಜೊತೆ ಬಳಕೆಯಾಗದ ಆಮ್ಲಜನಕವೂ ಹೊರಬರುತ್ತದೆ. ಸೆನ್ಸರ್‌ಗೆ ಕಾಣುವುದು ಆಮ್ಲಜನಕ ಮಾತ್ರ, ಪೆಟ್ರೋಲ್ ಅಲ್ಲ. ಹಾಗಾಗಿ ಎಕ್ಸಾಸ್ಟ್ ಪೆಟ್ರೋಲ್ ವಾಸನೆ ಹೊಡೆಯುತ್ತಿದ್ದರೂ ಅದು ಲೀನ್ ಎನ್ನುತ್ತದೆ.

ಸೆನ್ಸರ್ ಒಳಗೆ ಏನಾಗುತ್ತದೆ

ಸಾಮಾನ್ಯ ಜಿರ್ಕೋನಿಯಾ ಸೆನ್ಸರ್‌ನ ತುದಿಯ ಒಂದು ಬದಿಗೆ ಎಕ್ಸಾಸ್ಟ್ ಅನಿಲ, ಇನ್ನೊಂದು ಬದಿಗೆ ಹೊರಗಿನ ಗಾಳಿ ತಾಗುತ್ತದೆ. ಎರಡರ ಆಮ್ಲಜನಕದ ವ್ಯತ್ಯಾಸದಿಂದ ವೋಲ್ಟೇಜ್ ಹುಟ್ಟುತ್ತದೆ. ರಿಚ್ (ಪೆಟ್ರೋಲ್ ಹೆಚ್ಚು) ಆದರೆ 0.9 ವೋಲ್ಟ್ ಹತ್ತಿರ, ಲೀನ್ ಆದರೆ 0.1 ಹತ್ತಿರ. ಒಂದು ಪಾಲು ಪೆಟ್ರೋಲ್‌ಗೆ ತೂಕದಲ್ಲಿ 14.7 ಪಾಲು ಗಾಳಿಯ ಸಮತೋಲದಲ್ಲಿ ಸುಮಾರು 0.45. ಆ ಬಿಂದುವಿನಲ್ಲಿ ವೋಲ್ಟೇಜ್ ಕಡಿದಾಗಿ ಏರಿಳಿಯುವುದರಿಂದ ಈ ಸೆನ್ಸರ್‌ಗೆ ರಿಚ್ ಅಥವಾ ಲೀನ್ ಎಂದಷ್ಟೇ ಗೊತ್ತು, ಎಷ್ಟು ಎಂದು ಗೊತ್ತಿಲ್ಲ. ಇಸಿಯು ಪೆಟ್ರೋಲ್ ಹೆಚ್ಚಿಸಿ, ಇಳಿಸಿ, ಮತ್ತೆ ಹೆಚ್ಚಿಸಿ ಸಮತೋಲದ ಸುತ್ತ ಓಡಾಡಿಸುತ್ತದೆ. ಲೈವ್ ಡೇಟಾದಲ್ಲಿ ಮೊದಲ ಸೆನ್ಸರ್ ಮೇಲೆ-ಕೆಳಗೆ ಕುಣಿಯುವುದು ಇದೇ ಕಾರಣಕ್ಕೆ.

ಜಿರ್ಕೋನಿಯಾ ಕೆಲಸ ಶುರುಮಾಡುವುದು ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ. ಅದಕ್ಕೇ ಒಳಗೆ ಹೀಟರ್ ಇರುತ್ತದೆ.

ಹೊಸ ಗಾಡಿಗಳಲ್ಲಿ ಮೊದಲ ಸೆನ್ಸರ್ ಜಾಗದಲ್ಲಿ ವೈಡ್‌ಬ್ಯಾಂಡ್ ಅಥವಾ ಏರ್-ಫ್ಯೂಯೆಲ್ ಸೆನ್ಸರ್ ಇರಬಹುದು. ಇದು ಮಿಶ್ರಣ ಎಷ್ಟು ತಪ್ಪಿದೆ ಎಂಬುದನ್ನೂ ಅಳೆಯುತ್ತದೆ, ಸಿಗ್ನಲ್ ಅತ್ಯಲ್ಪ ಕರೆಂಟ್ ರೂಪದಲ್ಲಿರುತ್ತದೆ. ಇದಕ್ಕೆ 0.1–0.9ರ ಲೆಕ್ಕ ಹಾಕಿದರೆ ಒಳ್ಳೆಯ ಸೆನ್ಸರ್ ಕಸದ ಬುಟ್ಟಿ ಸೇರುತ್ತದೆ. ಕೆಲವು ಏರ್-ಫ್ಯೂಯೆಲ್ ಸೆನ್ಸರ್‌ಗಳ ರೀಡಿಂಗ್‌ನಲ್ಲಿ ರಿಚ್ ಆದಾಗ ವೋಲ್ಟೇಜ್ ಇಳಿಯುತ್ತದೆ, ಸಾಮಾನ್ಯ ಸೆನ್ಸರ್‌ಗೆ ಪೂರ್ತಿ ಉಲ್ಟಾ. ವೈರುಗಳು ಐದಿದ್ದರೆ ವೈಡ್‌ಬ್ಯಾಂಡ್ ಎನ್ನಬಹುದು. ನಾಲ್ಕಿದ್ದರೆ ಎರಡರಲ್ಲಿ ಯಾವುದೂ ಆಗಿರಬಹುದು, ಆ ಗಾಡಿಯ ಸರ್ವಿಸ್ ಮ್ಯಾನ್ಯುಯಲ್ ನೋಡಲೇಬೇಕು.

ಫ್ಯೂಯೆಲ್ ಟ್ರಿಮ್: ಹೆಚ್ಚು ಹೊತ್ತು ಕೊಡಬೇಕಾದ ಜಾಗ

ಸೆನ್ಸರ್ ಹೇಳಿದ್ದನ್ನು ಕೇಳಿ ಇಸಿಯು ಎಷ್ಟು ಪೆಟ್ರೋಲ್ ಸೇರಿಸಿತು ಅಥವಾ ಕಳೆಯಿತು ಎಂಬುದೇ ಟ್ರಿಮ್. ಶಾರ್ಟ್ ಟರ್ಮ್ ಆ ಕ್ಷಣದ್ದು, ಲಾಂಗ್ ಟರ್ಮ್ ರೂಢಿಯಾಗಿದ್ದು. ಎರಡನ್ನೂ ಕೂಡಿಸಿಯೇ ಓದಬೇಕು. ಶಾರ್ಟ್ ಸೊನ್ನೆ ತೋರಿಸುತ್ತಿದೆ, ಎಲ್ಲ ಸರಿ ಎಂದುಕೊಂಡರೆ ಲಾಂಗ್‌ನಲ್ಲಿ ಕೂತಿರುವ +22 ಕಣ್ಣಿಗೆ ಬೀಳುವುದಿಲ್ಲ. ಮೊತ್ತ ±10 ಶೇಕಡಾ ಒಳಗಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಪ್ಲಸ್ ಎಂದರೆ ಪೆಟ್ರೋಲ್ ಸೇರಿಸುತ್ತಿದೆ, ಅಂದರೆ ಲೀನ್ ದೂರು ಬಂದಿದೆ. ಮೈನಸ್ ಎಂದರೆ ರಿಚ್.

ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಮೂರು ಸ್ಥಿತಿಯಲ್ಲಿ ಬರೆದುಕೊಳ್ಳಿ: ಐಡ್ಲಿಂಗ್, ನಿಂತಲ್ಲೇ 2500 ಆರ್‌ಪಿಎಂ, ರಸ್ತೆಯಲ್ಲಿ ಲೋಡ್.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಐಡ್ಲಿಂಗ್‌ನಲ್ಲಿ ಶಾರ್ಟ್ +9, ಲಾಂಗ್ +16, ಒಟ್ಟು +25. 2500ಕ್ಕೆ ಏರಿಸಿದಾಗ ಒಟ್ಟು +4. ಐಡ್ಲಿಂಗ್‌ನಲ್ಲಿ ಎಂಜಿನ್ ಎಳೆಯುವ ಗಾಳಿ ಕಡಿಮೆ, ಅದರಲ್ಲಿ ಸೋರಿಕೆಯ ಪಾಲು ದೊಡ್ಡದು. ಥ್ರಾಟಲ್ ತೆರೆದಾಗ ಅದೇ ಸೋರಿಕೆ ಲೆಕ್ಕಕ್ಕೆ ಬಾರದಷ್ಟು ಚಿಕ್ಕದಾಗುತ್ತದೆ. ಅಂದರೆ ಗಾಳಿಯ ಮೀಟರ್ (ಮಾಸ್ ಏರ್ ಫ್ಲೋ ಸೆನ್ಸರ್) ದಾಟಿದ ಮೇಲೆ ಎಲ್ಲೋ ಗಾಳಿ ನುಗ್ಗುತ್ತಿದೆ. ಇನ್‌ಟೇಕ್ ಬೂಟ್, ಪಿಸಿವಿ ಪೈಪ್ (ಎಂಜಿನ್ ಒಳಗಿನ ಆವಿಯನ್ನು ಇನ್‌ಟೇಕ್‌ಗೆ ಒಯ್ಯುವ ಪೈಪ್), ಬ್ರೇಕ್ ಬೂಸ್ಟರ್ ಪೈಪ್, ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಸರಿಯಾಗಿ ಕೂರದ ಡಿಪ್‌ಸ್ಟಿಕ್ ಇವೆಲ್ಲ ನೋಡಬೇಕು. ಹೊಗೆ ಯಂತ್ರ ಇದ್ದರೆ ಅದೇ ಉತ್ತಮ. ಕಾರ್ಬ್ ಕ್ಲೀನರ್ ಸಿಂಪಡಿಸಿ ಹುಡುಕುವ ಪದ್ಧತಿಯೂ ಇದೆ, ಆದರೆ ಬಿಸಿ ಮ್ಯಾನಿಫೋಲ್ಡ್ ಮೇಲೆ ಬಿದ್ದರೆ ಬೆಂಕಿ.

ಉಲ್ಟಾ ಆದರೆ, ಐಡ್ಲಿಂಗ್‌ನಲ್ಲಿ +3 ಇದ್ದು ಲೋಡ್‌ನಲ್ಲಿ +20 ಆದರೆ, ಪೆಟ್ರೋಲ್ ಸಾಲುತ್ತಿಲ್ಲ ಅಥವಾ ಕೊಳೆಯಾದ ಮಾಸ್ ಏರ್ ಫ್ಲೋ ಸೆನ್ಸರ್ ಗಾಳಿಯನ್ನು ಕಡಿಮೆ ಲೆಕ್ಕ ಹಾಕುತ್ತಿದೆ. ಫ್ಯೂಯೆಲ್ ಪ್ರೆಶರ್ ಗೇಜ್ ಹಾಕಿ, ಫಿಲ್ಟರ್, ಪಂಪ್ ನೋಡಿ. ಎಲ್ಲ ಸ್ಥಿತಿಯಲ್ಲೂ ಮೈನಸ್ ಇದ್ದರೆ ಸೋರುವ ಇಂಜೆಕ್ಟರ್, ತೆರೆದೇ ಉಳಿದ ಪರ್ಜ್ ವಾಲ್ವ್ (ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಎಂಜಿನ್‌ಗೆ ಬಿಡುವ ವಾಲ್ವ್), ಹೆಚ್ಚಿದ ಪ್ರೆಶರ್. ಎಂಜಿನ್ ಆಯಿಲ್‌ಗೆ ಪೆಟ್ರೋಲ್ ಬೆರೆತು ಅದರ ಆವಿ ಪಿಸಿವಿ ಮೂಲಕ ಬರುತ್ತಿರುವ ಸಾಧ್ಯತೆಯನ್ನು ಎಷ್ಟೋ ಜನ ಯೋಚಿಸುವುದೇ ಇಲ್ಲ. ಡಿಪ್‌ಸ್ಟಿಕ್ ಮೂಸಿ ನೋಡಿದರೆ ಗೊತ್ತಾಗುತ್ತದೆ.

ಒಂದು ಎಚ್ಚರಿಕೆ: ಮಾಸ್ ಏರ್ ಫ್ಲೋ ಬದಲು ಮ್ಯಾಪ್ ಸೆನ್ಸರ್ ಮಾತ್ರ ಇರುವ ಗಾಡಿಯಲ್ಲಿ ವ್ಯಾಕ್ಯೂಮ್ ಸೋರಿಕೆ ಹೀಗೆ ಕಾಣುವುದಿಲ್ಲ. ಒಳಬಂದ ಗಾಳಿಯ ಒತ್ತಡವನ್ನು ಮ್ಯಾಪ್ ಅಳೆಯುವುದರಿಂದ ಪೆಟ್ರೋಲ್ ಕೂಡ ಅದಕ್ಕೆ ತಕ್ಕಂತೆ ಹೆಚ್ಚುತ್ತದೆ. ಅಲ್ಲಿ ಟ್ರಿಮ್‌ಗಿಂತ ಏರಿದ ಐಡ್ಲಿಂಗ್ ಆರ್‌ಪಿಎಂ ಹೆಚ್ಚಿನ ಸುಳಿವು.

ಸೆನ್ಸರ್‌ನ ಮಾತು ಪರೀಕ್ಷಿಸುವುದು

ಮೊದಲು ಎಕ್ಸಾಸ್ಟ್. ಸೆನ್ಸರ್‌ಗಿಂತ ಮುಂಚೆ ಮ್ಯಾನಿಫೋಲ್ಡ್ ಬಿರುಕು ಅಥವಾ ಗ್ಯಾಸ್ಕೆಟ್ ಸೋರಿಕೆ ಇದ್ದರೆ, ಎಕ್ಸಾಸ್ಟ್ ಬಡಿತಗಳ ನಡುವೆ ಒತ್ತಡ ಇಳಿದಾಗ ಹೊರಗಿನ ಗಾಳಿ ಒಳಗೆ ಸೆಳೆಯಲ್ಪಡುತ್ತದೆ. ಸೆನ್ಸರ್ ಲೀನ್ ಎನ್ನುತ್ತದೆ, ಇಸಿಯು ಸುಮ್ಮನೆ ಪೆಟ್ರೋಲ್ ಸುರಿಯುತ್ತದೆ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಸದ್ದು, ಜೋಡಣೆಯ ಹತ್ತಿರ ಕಪ್ಪು ಮಸಿಯ ಗೆರೆ ನೋಡಿ.

ಆಮೇಲೆ ಮಿಶ್ರಣವನ್ನು ನಾವೇ ಬದಲಿಸಿ ಸೆನ್ಸರ್ ಹಿಂಬಾಲಿಸುತ್ತದೆಯೇ ನೋಡುವುದು. ಸಾಮಾನ್ಯ ಜಿರ್ಕೋನಿಯಾ ಆದರೆ, ಎಂಜಿನ್ ಬಿಸಿಯಿದ್ದಾಗ ಒಂದು ಚಿಕ್ಕ ವ್ಯಾಕ್ಯೂಮ್ ಪೈಪ್ ಬಿಚ್ಚಿದರೆ ವೋಲ್ಟೇಜ್ 0.2ಕ್ಕಿಂತ ಕೆಳಗಿಳಿಯಬೇಕು. ಇನ್‌ಟೇಕ್‌ಗೆ ಸ್ವಲ್ಪ ಪ್ರೊಪೇನ್ ಬಿಟ್ಟರೆ 0.8 ದಾಟಬೇಕು. ಲೀನ್‌ನಿಂದ ರಿಚ್‌ಗೆ ಜಿಗಿಯಲು 100 ಮಿಲಿಸೆಕೆಂಡ್‌ಗಿಂತ ಕಡಿಮೆ ಸಾಕು. ಈ ವೇಗ ಅಳೆಯಲು ಆಸಿಲೋಸ್ಕೋಪ್ ಬೇಕು, ಅಗ್ಗದ ಸ್ಕ್ಯಾನರ್‌ನ ಗ್ರಾಫ್ ಅಷ್ಟು ಚುರುಕಲ್ಲ. ಎರಡೂ ಕಡೆ ತಕ್ಷಣ ಹಿಂಬಾಲಿಸಿದರೆ ಸೆನ್ಸರ್ ಸರಿಯಿದೆ, ಅದರ ದೂರನ್ನು ನಂಬಿ ಎಂಜಿನ್ ಕಡೆ ಹೋಗಿ.

ಮಲ್ಟಿಮೀಟರ್ ಬಳಸುವುದಾದರೆ 10 ಮೆಗಾಓಮ್ ಇಂಪೀಡೆನ್ಸ್‌ನ ಡಿಜಿಟಲ್ ಮೀಟರ್ ಇರಲಿ. ಮುಳ್ಳಿನ ಹಳೆ ಮೀಟರ್ ಸಿಗ್ನಲ್ಲನ್ನೇ ಎಳೆದುಬಿಡುತ್ತದೆ. ವೈರಿನ ಪ್ಲಾಸ್ಟಿಕ್‌ಗೆ ಸೂಜಿ ಚುಚ್ಚಬೇಡಿ, ಕನೆಕ್ಟರ್ ಹಿಂದಿನಿಂದ ಪ್ರೋಬ್ ಮಾಡಿ.

ಪಿ0132 ಬಂದು ರೀಡಿಂಗ್ 1.5 ವೋಲ್ಟ್, 3 ವೋಲ್ಟ್ ಎಂದು ತೋರಿಸುತ್ತಿದ್ದರೆ ಪೆಟ್ರೋಲ್ ಬಗ್ಗೆ ಯೋಚಿಸಲೇಬೇಡಿ. ಜಿರ್ಕೋನಿಯಾ ಅಷ್ಟು ವೋಲ್ಟೇಜ್ ಹುಟ್ಟಿಸಲಾರದು. ಹೀಟರ್‌ನ 12 ವೋಲ್ಟ್ ಸಿಗ್ನಲ್ ವೈರಿಗೆ ಸೋರುತ್ತಿದೆ: ಕರಗಿದ ಹಾರ್ನೆಸ್, ಕನೆಕ್ಟರ್‌ನಲ್ಲಿ ನೀರು, ಅಥವಾ ಸೆನ್ಸರ್ ಒಳಗೇ ಶಾರ್ಟ್. ಪ್ಲಗ್ ಬಿಚ್ಚಿದಾಗ ರೀಡಿಂಗ್ ಇಳಿದರೆ ತಪ್ಪು ಸೆನ್ಸರ್ ಕಡೆಯದು, ಇಳಿಯದಿದ್ದರೆ ಹಾರ್ನೆಸ್ ಕಡೆಯದು.

ಹೀಟರ್ ಕೋಡ್

ಇದೊಂದೇ ನಿಜಕ್ಕೂ ಸುಲಭ. ಮೊದಲು ಫ್ಯೂಸ್. ನಂತರ ಸೆನ್ಸರ್ ಕನೆಕ್ಟರ್ ಬಿಚ್ಚಿ, ಸೆನ್ಸರ್ ಬದಿಯ ಒಂದೇ ಬಣ್ಣದ ಎರಡು ವೈರುಗಳ ನಡುವೆ ಓಮ್ ಅಳೆಯಿರಿ. ತಣ್ಣಗಿದ್ದಾಗ ಕೆಲವೇ ಓಮ್‌ಗಳಿಂದ ಹದಿನೈದರ ಆಸುಪಾಸಿನವರೆಗೆ ಇರುತ್ತದೆ, ನಿಖರ ಅಂಕಿ ಮ್ಯಾನ್ಯುಯಲ್‌ನಲ್ಲಿ. ಓಪನ್ ಎಂದರೆ ಹೀಟರ್ ಸುಟ್ಟಿದೆ, ಸೆನ್ಸರ್ ಬದಲಿಸಿ. ಓಮ್ ಸರಿಯಿದ್ದರೆ ಹಾರ್ನೆಸ್ ಬದಿಯಲ್ಲಿ ಬ್ಯಾಟರಿ ವೋಲ್ಟೇಜ್ ಬರುತ್ತಿದೆಯೇ ನೋಡಿ. ಕೆಲವು ಗಾಡಿಗಳಲ್ಲಿ ಎಂಜಿನ್ ಓಡುತ್ತಿದ್ದಾಗ ಮಾತ್ರ ಬರುತ್ತದೆ. ಅರ್ತ್ ಬದಿಯನ್ನು ಸಾಮಾನ್ಯವಾಗಿ ಇಸಿಯು ತಡೆದು ತಡೆದು ಕೊಡುವುದರಿಂದ ಅಲ್ಲಿ ಮೀಟರ್‌ಗಿಂತ ಟೆಸ್ಟ್ ಲ್ಯಾಂಪ್ ಚೆನ್ನಾಗಿ ತೋರಿಸುತ್ತದೆ.

ಪಿ0420

ಈ ಕೋಡ್ ಎಂದರೆ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬ ದೂರು. ಕನ್ವರ್ಟರ್ ಆಮ್ಲಜನಕವನ್ನು ಹಿಡಿದಿಟ್ಟು ಬಿಡುವುದರಿಂದ ಎರಡನೇ ಸೆನ್ಸರ್ ಬಹುತೇಕ ಸ್ಥಿರವಾಗಿ, 0.6–0.7 ವೋಲ್ಟ್ ಆಸುಪಾಸು ಇರಬೇಕು. ಅದು ಮೊದಲ ಸೆನ್ಸರ್‌ನಂತೆಯೇ ಕುಣಿಯುತ್ತಿದ್ದರೆ ಕನ್ವರ್ಟರ್ ಸೋತಿದೆ. ಇಲ್ಲಿ ಎರಡನೇ ಸೆನ್ಸರ್ ಬದಲಿಸುವುದು ಹೆಚ್ಚಾಗಿ ದಂಡ. ಅದು ಅಷ್ಟು ಚುರುಕಾಗಿ ಕುಣಿಯುತ್ತಿದೆ ಎಂದರೆ ಅದು ಚೆನ್ನಾಗಿಯೇ ಇದೆ. ಆದರೆ ಎಕ್ಸಾಸ್ಟ್ ಸೋರಿಕೆ ಇಲ್ಲ, ಮಿಸ್ಸಿಂಗ್ ಇಲ್ಲ, ಟ್ರಿಮ್ ಸರಿಯಿದೆ ಎಂದು ಖಚಿತವಾಗುವವರೆಗೆ ಕನ್ವರ್ಟರ್‌ಗೆ ಕೈ ಹಾಕಬೇಡಿ. ಆಯಿಲ್ ಸುಡುವ ಎಂಜಿನ್ನಿಗೆ ಹೊಸ ಕನ್ವರ್ಟರ್ ಹಾಕಿದರೆ ಅದೂ ಹಾಗೇ ಹಾಳಾಗುತ್ತದೆ.

ಬಿಚ್ಚುವಾಗ, ಕೂರಿಸುವಾಗ

ಎಳೆ ಸಾಮಾನ್ಯವಾಗಿ ಎಂ18×1.5, ಸ್ಪ್ಯಾನರ್ 22 ಮಿ.ಮೀ. ವೈರ್ ಹಾಯಲು ಸೀಳು ಇರುವ ಸೆನ್ಸರ್ ಸಾಕೆಟ್ ಇದ್ದರೆ ಒಳ್ಳೆಯದು. ತುಕ್ಕು ಹಿಡಿದಿದ್ದರೆ ಪೆನಿಟ್ರೇಟಿಂಗ್ ಆಯಿಲ್ ಬಿಟ್ಟು ಕಾಯಿರಿ, ಎಂಜಿನ್ ಸ್ವಲ್ಪ ಬೆಚ್ಚಗಿದ್ದಾಗ ಬಿಚ್ಚಿ. ಹೊರಬಂದ ತುದಿಯ ಬಣ್ಣ ನೋಡಿ. ಕಪ್ಪು ಮಸಿ ರಿಚ್ ಮಿಶ್ರಣದ ಗುರುತು. ಬಿಳಿ ಪುಡಿ ಕಂಡರೆ ಸಿಲಿಕಾನ್ ಸೀಲಂಟ್ ಅಥವಾ ಒಳಗೆ ಸೋರುವ ಕೂಲಂಟ್ ಮೇಲೆ ಅನುಮಾನ. ಕಾರಣ ಹಾಗೇ ಬಿಟ್ಟು ಹೊಸದು ಹಾಕಿದರೆ ಅದೂ ಬೇಗ ಸಾಯುತ್ತದೆ.

ಹೊಸ ಸೆನ್ಸರ್‌ನ ಎಳೆಗೆ ಸಾಮಾನ್ಯವಾಗಿ ಆ್ಯಂಟಿ-ಸೀಜ್ ಹಚ್ಚಿಯೇ ಬಂದಿರುತ್ತದೆ. ಇಲ್ಲದಿದ್ದರೆ ಸೆನ್ಸರ್‌ಗೆ ಒಪ್ಪುವಂಥದ್ದನ್ನು ಎಳೆಗೆ ಮಾತ್ರ ಹಚ್ಚಿ, ತುದಿಗೆ ತಾಗಬಾರದು. ಟಾರ್ಕ್ ಬಹುತೇಕ 40–50 ನ್ಯೂಟನ್ ಮೀಟರ್. ಬಹಳ ಸೆನ್ಸರ್‌ಗಳು ಹೋಲಿಕೆಯ ಗಾಳಿಯನ್ನು ವೈರಿನ ಎಳೆಗಳ ನಡುವಿನಿಂದಲೇ ಉಸಿರಾಡುತ್ತವೆ. ಹಾಗಾಗಿ ಆ ವೈರಿಗೆ ಬೆಸುಗೆ ಹಾಕಬೇಡಿ, ಕನೆಕ್ಟರ್‌ಗೆ ಗ್ರೀಸ್ ತುಂಬಬೇಡಿ.

ಕೋಡ್ ಅಳಿಸಿದಾಗ, ಇಸಿಯು ತಾನೇ ಮಾಡಿಕೊಳ್ಳುವ ಪರೀಕ್ಷೆಗಳು ಮುಗಿದವೇ ಎಂದು ತೋರಿಸುವ ರೆಡಿನೆಸ್ ಮಾನಿಟರ್‌ಗಳೂ ಖಾಲಿಯಾಗುತ್ತವೆ. ತಣ್ಣಗಿನ ಸ್ಟಾರ್ಟ್, ಸ್ವಲ್ಪ ಐಡ್ಲಿಂಗ್, ಒಂದೇ ವೇಗದ ಓಟ, ಬ್ರೇಕ್ ಒತ್ತದೆ ವೇಗ ಇಳಿಸುವುದು ಎಲ್ಲ ಸೇರಿದ ಓಡಾಟದ ನಂತರವೇ ಆಕ್ಸಿಜನ್ ಸೆನ್ಸರ್, ಹೀಟರ್, ಕ್ಯಾಟಲಿಸ್ಟ್ ಮಾನಿಟರ್‌ಗಳು ಪೂರ್ಣವಾಗುತ್ತವೆ. ಆ ಮೂರೂ ‘ರೆಡಿ’ ಎಂದು ತೋರಿಸಿ, ಪೆಂಡಿಂಗ್ ಕೋಡ್ ಇಲ್ಲದೆ, ಟ್ರಿಮ್ ಮೊತ್ತ ಒಂದಂಕಿಗೆ ಇಳಿದಿದ್ದರೆ ಮಾತ್ರ ರಿಪೇರಿ ಮುಗಿದಿದೆ ಎಂದು ಬರೆದುಕೊಳ್ಳಿ.